ಪ್ರಯಾಣಾನುಮತಿಯೂ ಕನ್ನಡಿಗರ ಹೆಸರೂ

ಪರದೇಶಕ್ಕೆ ಹೋಗಬೇಕೆನ್ನುವವನು ಹಿಂದಿನಂತೆ ಎಲ್ಲ ಸಂದರ್ಭಗಳಲ್ಲಿಯೂ ರಾಯಭಾರ ಕಚೇರಿಯ ಬಾಗಿಲನ್ನು ಕಾಯಬೇಕಾದದ್ದಿಲ್ಲ. ಮನೆಯಲ್ಲಿ ಕುಳಿತೇ ಅರ್ಜಿಯನ್ನು ತುಂಬಿ, ಶುಲ್ಕವಿದ್ದರೆ ತೆತ್ತು, ಕೆಲವೇ ದಿನಗಳಲ್ಲಿ ಅನುಮತಿಯನ್ನು ಪಡೆಯುವ ಏರ್ಪಾಡನ್ನು ಹಲವು ರಾಷ್ಟ್ರಗಳು ಮಾಡಿಕೊಂಡಿವೆ. ಇದಕ್ಕೆ ವಿದ್ಯುನ್ಮಾನ ಪ್ರಯಾಣಾನುಮತಿಯೆಂದು ಹೆಸರು. ಜನರ ಬಾಯಲ್ಲಿ ಇ.ಟಿ.ಎ. ಆಸ್ಟ್ರೇಲಿಯವು 1996ರಲ್ಲಿಯೇ ಇದನ್ನು ಆರಂಭಿಸಿತು. ಅಮೆರಿಕವು 2009ರಿಂದ ವೀಸಾ ಬೇಕಿಲ್ಲದ ದೇಶಗಳವರಿಗೆ ಇಂತಹುದೊಂದನ್ನು ಕಡ್ಡಾಯಮಾಡಿತು. ಶ್ರೀಲಂಕೆಯಲ್ಲಿ 2012ರಲ್ಲಿ, ಕೆನಡದಲ್ಲಿ 2016ರಲ್ಲಿ, ಕೀನ್ಯದಲ್ಲಿ 2024ರಲ್ಲಿ ಇದು ಬಳಕೆಗೆ ಬಂದಿತು. ಭಾರತವೂ ಹಿಂದೆ ಬೀಳಲಿಲ್ಲ. 2014ರ ನವೆಂಬರ್ 27ರಂದು ಪ್ರವಾಸಿಗಳಿಗಾಗಿ ಇದೇ ಹೆಸರಿನ ಅನುಮತಿಯನ್ನು ಜಾರಿಗೆ ತಂದಾಗ ಮೊದಲು ಆಯ್ದುಕೊಂಡ ಒಂಬತ್ತು ವಿಮಾನನಿಲ್ದಾಣಗಳಲ್ಲಿ ಬೆಂಗಳೂರಿನದೂ ಒಂದಾಗಿತ್ತು.

ಇದರಿಂದ ಆಗಿರುವ ಉಪಕಾರವನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಅಮೆರಿಕದ ವೀಸಾಕ್ಕಾಗಿ ರಾತ್ರಿಯ ರೈಲು ಹತ್ತಿ ಮದರಾಸಿಗೆ ಹೋಗಿ, ಬಿಸಿಲಿನಲ್ಲಿ ನಿಂತು, ಎರಡು ಮಾತಿನ ಪ್ರಶ್ನೆಗೆ ಉತ್ತರಕೊಟ್ಟು, ಮತ್ತೆ ರಾತ್ರಿಯ ರೈಲಿನಲ್ಲಿ ಮರಳಿದ ಬೆಂಗಳೂರಿನವರು ಇಂದಿಗೂ ಬೇಕಾದಷ್ಟು ಮಂದಿ ಇದ್ದಾರೆ. ಆದುದರಿಂದ ಆಕ್ಷೇಪವು ಯಂತ್ರದ ಮೇಲಲ್ಲ. ಯಂತ್ರವು ಕೇಳುವ ಮೊದಲ ಪ್ರಶ್ನೆಯ ಮೇಲೆ.

ಬೆಳ್ಳಂದೂರಿನಂತಹ ಊರಿನಲ್ಲಿ ಈ ಪ್ರಶ್ನೆ ದಿನವೂ ಏಳುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹಿಂದೂಸ್ಥಾನ ವಿಮಾನ ಕಾರ್ಖಾನೆಗೆ ದುರಸ್ತಿಗಾಗಿ ಬರುತ್ತಿದ್ದ ಕ್ಯಾಟಲಿನಾ ಎಂಬ ನೀರುವಿಮಾನಗಳು ಇಲ್ಲಿಯ ಕೆರೆಯ ಮೇಲೆ ಇಳಿಯುತ್ತಿದ್ದುವು. ದಡದ ಒಕ್ಕಲುಮಕ್ಕಳು ಅವನ್ನು ಕಣ್ಣಿನಿಂದ ಕಂಡವರೇ ಹೊರತು ಏರಿದವರಲ್ಲ. ಇಂದು ಆ ಗದ್ದೆಗಳ ಮೇಲೆ ಹೊರವರ್ತುಲ ರಸ್ತೆ ಹಾದು, ಅದರ ಎರಡು ಮಗ್ಗುಲಲ್ಲಿಯೂ ಗಣಕಯಂತ್ರದ ಉದ್ಯಮಗಳು ಎದ್ದಿವೆ. ಅದೇ ಒಕ್ಕಲಿನ ಮೊಮ್ಮಕ್ಕಳು ಕೆಲಸದ ಮೇಲೆ ದೇಶಾಂತರ ಹೋಗುತ್ತಾರೆ. ಅವರ ಹಿಂದೆಯೇ ಬಾಣಂತನಕ್ಕೆಂದೋ ಮೊಮ್ಮಗುವಿನ ನಾಮಕರಣಕ್ಕೆಂದೋ ಅಜ್ಜಿಯರೂ ಹೊರಡುತ್ತಾರೆ. ಕೊಲಂಬೊ ನಗರಕ್ಕಾಗಲಿ ನೈರೋಬಿಗಾಗಲಿ ಹೋಗಬೇಕಾದ ಅಂತಹ ಅಜ್ಜಿಯೊಬ್ಬಳ ಅರ್ಜಿಯನ್ನು ಮೊಮ್ಮಗನು ತುಂಬಲು ಕುಳಿತನೆಂದು ಭಾವಿಸಬಹುದು. ಮೊದಲ ಕಲಮಿನಲ್ಲಿ ಮನೆತನದ ಹೆಸರನ್ನು ಬರೆಯಬೇಕು. ಎರಡನೆಯದರಲ್ಲಿ ಇಟ್ಟ ಹೆಸರನ್ನು. ಎರಡರ ಪಕ್ಕದಲ್ಲಿಯೂ ಕೆಂಪು ನಕ್ಷತ್ರ, ಎಂದರೆ ಬಿಡಕೂಡದೆಂಬ ಅಪ್ಪಣೆ. ಅಜ್ಜಿಯ ರಹದಾರಿಯಲ್ಲಿರುವುದು ಮುನಿಯಮ್ಮ ಎಂಬ ಒಂದೇ ಮಾತು. ಮುನಿಯಪ್ಪ, ಮುನಿರಾಜು, ಮುನಿವೆಂಕಟಪ್ಪ, ಮುನಿಯಮ್ಮ ಎಂಬ ಹೆಸರುಗಳು ಬೆಂಗಳೂರಿನ ಈ ಮೂಡಣ ಸೀಮೆಯಲ್ಲಿ ಮನೆಗೊಂದರಂತೆ ಸಿಗುತ್ತವೆ, ಅವಕ್ಕೆ ಬಾಲವಿಲ್ಲ. ಮೊದಲ ಕಲಮನ್ನು ಬರಿದಾಗಿ ಬಿಟ್ಟರೆ ಯಂತ್ರವು ಮುಂದಕ್ಕೆ ಸಾಗದು.

ಆಗ ಮೊಮ್ಮಗನು ಮಾಡುವುದೇನು? ಒಂದು ಕಡೆ ಅದೇ ಹೆಸರನ್ನು ಎರಡು ಸಲ ಬರೆ ಎನ್ನುತ್ತಾರೆ; ಅಜ್ಜಿ ಮುನಿಯಮ್ಮ ಮುನಿಯಮ್ಮ ಆಗುತ್ತಾಳೆ. ಮತ್ತೊಂದು ಕಡೆ ಗಂಡನ ಹೆಸರನ್ನೋ ಊರಿನ ಹೆಸರನ್ನೋ ಸೇರಿಸೆನ್ನುತ್ತಾರೆ. ಹಾಗೆ ಸೇರಿಸಿದರೆ ಅನುಮತಿಯ ಹೆಸರಿಗೂ ರಹದಾರಿಯ ಹೆಸರಿಗೂ ತಾಳೆಯಾಗದೆ, ವಿಮಾನನಿಲ್ದಾಣದ ಕಟ್ಟೆಯಲ್ಲಿ ತಡೆಯುಂಟಾಗಬಹುದು. ಅಮೆರಿಕದ ವೀಸಾ ಅರ್ಜಿಯ ಪದ್ಧತಿಯಂತೂ ಇನ್ನೂ ವಿಚಿತ್ರ. ಅಲ್ಲಿ ಒಂದೇ ಹೆಸರುಳ್ಳವರ ಆ ಹೆಸರನ್ನು ಮನೆತನದ ಕಲಮಿಗೆ ತಳ್ಳಿ, ಇಟ್ಟ ಹೆಸರಿನ ಸ್ಥಳದಲ್ಲಿ ಎಫ್.ಎನ್.ಯು. ಎಂಬ ಮೂರು ಅಕ್ಷರಗಳನ್ನು ಬರೆಯಬೇಕು. ಮೊದಲ ಹೆಸರು ಗೊತ್ತಿಲ್ಲವೆಂಬುದು ಅದರ ಅರ್ಥ. ತೊಟ್ಟಿಲಲ್ಲಿ ನೆರೆಹೊರೆಯವರೆಲ್ಲ ಕೂಗಿ ಕರೆದ ಹೆಸರು ಎದುರಿಗೇ ಇರಲು, ಗೊತ್ತಿಲ್ಲವೆಂದು ಆಕೆಯ ಕೈಯಿಂದಲೇ ಬರೆಯಿಸಿಕೊಳ್ಳುವುದು ಯಾವ ನ್ಯಾಯ?

ಇದನ್ನು ಕೇವಲ ಉಪದ್ರವವೆಂದು ತಳ್ಳಿಹಾಕುವಂತಿಲ್ಲ. 2022ರ ನವೆಂಬರಿನಲ್ಲಿ ಸಂಯುಕ್ತ ಅರಬ್ ಎಮಿರೇಟ್ಸ್ ರಾಷ್ಟ್ರವು ರಹದಾರಿಯಲ್ಲಿ ಒಂದೇ ಪದದ ಹೆಸರುಳ್ಳ ಪ್ರವಾಸಿಗಳಿಗೆ ಪ್ರವೇಶವಿಲ್ಲವೆಂದು ಗೊತ್ತುಪಡಿಸಿತು. ವಿಮಾನಸಂಸ್ಥೆಗಳು ಆ ಸುತ್ತೋಲೆಯನ್ನು ಹೊರಡಿಸಿದುವು. ರಹದಾರಿಯ ಎರಡನೆಯ ಪುಟದಲ್ಲಿ ತಂದೆಯ ಹೆಸರೋ ಮನೆತನದ ಹೆಸರೋ ಇದ್ದರೆ ಸಾಕೆಂಬ ಸಡಿಲಿಕೆ ಆಮೇಲೆ ದೊರೆಯಿತೆಂಬುದು ನಿಜ. ಆದರೆ ಹೆಸರು ಚಿಕ್ಕದೆಂಬ ಒಂದೇ ಕಾರಣಕ್ಕೆ ಮನುಷ್ಯನನ್ನು ಹೊಸ್ತಿಲಲ್ಲಿ ನಿಲ್ಲಿಸಬಹುದೆಂಬುದು ಅಂದು ಸಿದ್ಧವಾಯಿತು.

ಕನ್ನಡಿಗರು ಹೆಸರಿಡುವ ಕ್ರಮವು ಒಂದೇ ಬಗೆಯದಲ್ಲ ಎಂಬುದನ್ನು ಸಾಹಿತ್ಯದ ವಾಚಕರಿಗೆ ಹೇಳಿಕೊಡಬೇಕಾಗಿಲ್ಲ. ಬೆಳ್ಳೂರು ಮೈಲಾರಯ್ಯ ಶ್ರೀಕಂಠಯ್ಯ, ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪ, ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ: ಈ ಮೂರರಲ್ಲಿಯೂ ಮೊದಲನೆಯದು ಊರು, ಎರಡನೆಯದು ತಂದೆ, ಮೂರನೆಯದು ತಾನು. ಇವರಲ್ಲಿ ಯಾರಿಗೂ ವಂಶಪಾರಂಪರ್ಯವಾಗಿ ಇಳಿದು ಬರುವ ಅಡ್ಡಹೆಸರಿಲ್ಲ. ಧಾರವಾಡದ ಕಡೆಗೆ ಹೋದರೆ ದತ್ತಾತ್ರೇಯ ರಾಮಚಂದ್ರ ಬೇಂದ್ರೆ ಎಂದು ತಾನು, ತಂದೆ, ಮನೆತನ ಈ ಕ್ರಮದಲ್ಲಿ ಬರುತ್ತದೆ. ಅರ್ಜಿಯ ಕಲಮುಗಳಿಗೆ ಅದು ಹೇಗೋ ಹೊಂದಿಕೊಳ್ಳುತ್ತದೆ. ಕರಾವಳಿಯಲ್ಲಿ ಕೋಟ ಶಿವರಾಮ ಕಾರಂತ ಎಂಬಲ್ಲಿ ಊರು ಮುಂದೆ, ಮನೆತನ ಕೊನೆಗೆ. ಕೊಡಗಿನಲ್ಲಿ ಕೊಡಂದೇರ ಮಾದಪ್ಪ ಕಾರಿಯಪ್ಪ ಎನ್ನುವಾಗ ಮನೆತನವೇ ಎಲ್ಲಕ್ಕೂ ಮೊದಲು. ಕೊನೆಯ ಮಾತೇ ಮನೆತನವೆಂದು ನಂಬಿದ ಯಂತ್ರದ ಮುಂದೆ ಆ ದಂಡನಾಯಕನು ಕಾರಿಯಪ್ಪ ಎಂಬ ಮನೆತನದ ಕೊಡಂದೇರ ಎಂಬ ವ್ಯಕ್ತಿಯಾಗುತ್ತಾನೆ. ಒಂದೇ ನಾಡಿನೊಳಗೆ ಹೆಸರು ಹೇಳುವ ಈ ನಾಲ್ಕು ಬಗೆಗಳೂ ಶತಮಾನಗಳ ಬಾಳುವೆಯಿಂದ ಬಂದುವು. ಯಾವನು ಎಲ್ಲಿಯವನು, ಯಾರ ಮಗ, ಯಾವ ಮನೆಯವನು ಎಂಬ ಪ್ರಶ್ನೆಗಳಲ್ಲಿ ಆಯಾ ಸೀಮೆಯವರು ಯಾವುದನ್ನು ಮೊದಲು ಕೇಳುತ್ತಿದ್ದರೋ ಅದರಂತೆ ಹೆಸರು ಬೆಳೆದಿದೆ.

ಮೈಸೂರು ಸೀಮೆಯ ಹೆಸರಿಗೆ ಆದ ಗತಿಯನ್ನು ಸ್ವಲ್ಪ ವಿವರವಾಗಿ ನೋಡಬೇಕು. ಶಾಲೆಯ ದಾಖಲೆಯಲ್ಲಿ ಅದು ಎರಡು ಇನಿಷಿಯಲ್‌ಗಳಾಗಿ ನಿಂತಿರುತ್ತದೆ. ರಹದಾರಿಗೆ ಅರ್ಜಿ ಹಾಕುವಾಗ ಅವನ್ನು ಬಿಡಿಸಿ ಬರೆಯಬೇಕು. ಬಿಡಿಸಿದ್ದನ್ನು ಎರಡು ಕಲಮುಗಳಲ್ಲಿ ಹಂಚುವಾಗ ಒಬ್ಬನು ತಂದೆಯ ಹೆಸರನ್ನು ಮನೆತನವೆನ್ನುತ್ತಾನೆ. ಅವನ ಮಗನು ಇವನ ಹೆಸರನ್ನೇ ಮನೆತನವೆನ್ನುತ್ತಾನೆ. ಹೀಗೆ ತಲೆಮಾರಿಗೊಂದು ಮನೆತನ. ತಾಯಿಯ ರಹದಾರಿಯಲ್ಲಿ ಅವಳ ತಂದೆಯ ಹೆಸರು, ಮಗುವಿನದರಲ್ಲಿ ಅದರ ತಂದೆಯ ಹೆಸರು. ಇಬ್ಬರೇ ಪ್ರಯಾಣಮಾಡುವಾಗ ಈ ಮಗು ನಿನ್ನದೇ ಎಂಬುದಕ್ಕೆ ಸಾಕ್ಷಿಯೇನೆಂದು ಪರದೇಶದ ಅಧಿಕಾರಿ ತಾಯಿಯನ್ನು ಕೇಳುವ ಪ್ರಸಂಗ ಬರುತ್ತದೆ. ಊರಿನ ಹೆಸರನ್ನು ಆ ಕಲಮಿಗೆ ಹಾಕಿದವನನ್ನು ಹೋದಲ್ಲೆಲ್ಲ ಶ್ರೀಮಾನ್ ಬೆಳ್ಳಂದೂರು ಎಂದು ಕರೆಯುತ್ತಾರೆ. ನಗೆಯ ಮಾತಾದರೂ ಊರಿನವರಿಗೆ ಅಷ್ಟರಮಟ್ಟಿಗೆ ಸಂತೋಷವೇ ಎನ್ನಬೇಕು!

ಇಲ್ಲಿ ಕೆಲವು ಬುದ್ಧಿವಂತರು ಕೇಳುವುದುಂಟು: ಇಷ್ಟೆಲ್ಲ ಗೋಳಾಡುವ ಬದಲು ಎಲ್ಲರೂ ಒಂದೊಂದು ಅಡ್ಡಹೆಸರನ್ನು ಕಟ್ಟಿಕೊಂಡರೆ ಆಗದೆ? ತುರ್ಕಿಯವರು 1934ರ ಕಾನೂನಿನಿಂದ ಹಾಗೆಯೇ ಮಾಡಲಿಲ್ಲವೆ? ಮಾಡಿದರು, ದಿಟ. ಆದರೆ ಅದು ಅವರ ಶಾಸನಸಭೆಯಲ್ಲಿ ಅಂಗೀಕಾರವಾದ ಕಾನೂನು. ಕನ್ನಡಿಗರಿಗೆ ಅಡ್ಡಹೆಸರು ಬೇಕೆಂದು ಯಾವ ಸಭೆಯೂ ನಿರ್ಣಯಿಸಿಲ್ಲ. ಕೆಂಪು ನಕ್ಷತ್ರವೊಂದು ನಿರ್ಣಯಿಸುತ್ತಿದೆ. ಇಂಡೊನೇಷಿಯದಲ್ಲಿ ಒಂದೇ ಹೆಸರಿನವರು ಅಸಂಖ್ಯರು, ಅದರ ಮೊದಲ ಅಧ್ಯಕ್ಷನಾದ ಸುಕರ್ಣೊ ಅವರಲ್ಲಿ ಒಬ್ಬ. ಅಂತಹ ದೇಶದ ಸರ್ಕಾರವೇ 2022ರಲ್ಲಿ ದಾಖಲೆಗಳಲ್ಲಿ ಬರೆಯುವ ಹೆಸರಿಗೆ ಕನಿಷ್ಠ ಎರಡು ಪದಗಳಿರಬೇಕೆಂಬ ನಿಯಮವನ್ನು ಹೊರಡಿಸಿತು. ಐಸ್‌ಲೆಂಡಿನವರಿಗೆ ಬಹುಮಟ್ಟಿಗೆ ಇಂದಿಗೂ ಮನೆತನದ ಹೆಸರಿಲ್ಲ, ತಂದೆಯ ಹೆಸರಿಗೆ ಮಗ ಮಗಳು ಎಂಬ ಪ್ರತ್ಯಯವನ್ನು ಹಚ್ಚಿಕೊಳ್ಳುತ್ತಾರೆ, ಅಣ್ಣತಂಗಿಯರ ಕೊನೆಯ ಹೆಸರುಗಳು ಬೇರೆಬೇರೆಯಾಗಿಯೇ ಇರುತ್ತವೆ. ಅವರ ವ್ಯವಹಾರವೇನೂ ನಿಂತುಹೋಗಿಲ್ಲ.

ಅಡ್ಡಹೆಸರು ಕಟ್ಟಿಕೊಳ್ಳಿರೆಂಬ ಸಲಹೆಯ ನಿಜವಾದ ಕೇಡು ಬೇರೆಯೊಂದಿದೆ. ಮೈಸೂರು ಸೀಮೆಯಲ್ಲಿ ತಟ್ಟನೆ ಕೈಗೆ ಸಿಗುವ ಅಡ್ಡಹೆಸರು ಯಾವುದು? ಗೌಡ, ರೆಡ್ಡಿ, ಶೆಟ್ಟಿ, ರಾವ್: ಜಾತಿಯ ಹೆಸರು. ಅದನ್ನು ಹೇಳಿಕೊಳ್ಳಲು ಹೆಮ್ಮೆಪಡುವವನಿಗೆ ಕಷ್ಟವಿಲ್ಲ. ಜಾತಿಯನ್ನು ಹೆಸರಿನಿಂದ ಬೇಕೆಂದೇ ಕಿತ್ತುಹಾಕಿದವನಿಗೂ, ಹೇಳಿದೊಡನೆ ಎದುರಿನವನ ಮುಖ ಬದಲಾಗುವುದನ್ನು ಕಂಡುಂಡವನಿಗೂ ಈ ಖಾಲಿ ಕಲಮು ಏನನ್ನು ಕೇಳುತ್ತಿದೆಯೆಂಬುದು ಚೆನ್ನಾಗಿ ಗೊತ್ತು. ಬರಿಯ ಮುನಿಯಪ್ಪನಾಗಿರುವುದರಲ್ಲಿ ಒಂದು ಸ್ವಾತಂತ್ರ್ಯವಿತ್ತು. ಮನೆಯ ಮಗುವಿಗೆ ಮುಂದೆ ಪರದೇಶದಲ್ಲಿ ತೊಡಕಾಗದಿರಲೆಂದು ಜನನಪತ್ರದಲ್ಲಿಯೇ ಜಾತಿಯ ಬಾಲವನ್ನು ಸೇರಿಸುವ ತಂದೆತಾಯಿಗಳು ಎರಡು ತಲೆಮಾರಿನ ಹಿಂದಿನವರು ಬಿಟ್ಟದ್ದನ್ನು ಮರಳಿ ಹೊಸ್ತಿಲೊಳಕ್ಕೆ ಕರೆದುಕೊಳ್ಳುತ್ತಿದ್ದಾರೆ. ಅದೂ ಮನಃಪೂರ್ವಕವಾಗಿ ಅಲ್ಲ, ಅನುಮತಿ ತಪ್ಪೀತೆಂಬ ಭಯದಿಂದ.

ಸುರಕ್ಷತೆಗಾಗಿ ಏಕರೂಪತೆ ಅವಶ್ಯವೆಂಬ ವಾದವನ್ನೂ ಪರೀಕ್ಷಿಸಬೇಕು. ಲೋಕದ ರಹದಾರಿಗಳೆಲ್ಲವೂ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ 9303ನೆಯ ದಸ್ತಾವೇಜಿಗೆ ಅನುಸಾರವಾಗಿ ಸಿದ್ಧವಾಗುತ್ತವೆ. ಯಂತ್ರವು ಓದುವುದು ಪುಟದ ತಳದ ಎರಡು ಸಾಲುಗಳನ್ನು. ಒಂದೊಂದರಲ್ಲಿ 44 ಸ್ಥಾನಗಳು. ಮೊದಲ ಸಾಲಿನಲ್ಲಿ ಹೆಸರಿಗೆ 39. ಹೆಸರನ್ನು ಎರಡಾಗಿ ಒಡೆಯಲು ಬಾರದಿದ್ದರೆ ಅದನ್ನು ಇಡಿಯಾಗಿ ಮುಖ್ಯ ಭಾಗದಲ್ಲಿಯೇ ಬರೆಯಬಹುದೆಂದು ಆ ದಸ್ತಾವೇಜೇ ಒಪ್ಪುತ್ತದೆ. ಹೀಗಿರಲು ಒಂದೇ ಹೆಸರು ಸುರಕ್ಷತೆಗೆ ಭಂಗವೆನ್ನುವವರು ತಾವೇ ಮಾನ್ಯಮಾಡಿದ ಶಾಸ್ತ್ರವನ್ನು ಓದಿಲ್ಲವೆಂದೇ ಅರ್ಥ. ಮನುಷ್ಯನನ್ನು ಗುರುತಿಸುವುದು ರಹದಾರಿಯ ಸಂಖ್ಯೆ, ಹುಟ್ಟಿದ ದಿನ, ಮುಖದ ಚಿತ್ರ. ಅನುಮತಿಯು ಹೊಂದಿಕೊಂಡಿರುವುದೂ ಆ ಸಂಖ್ಯೆಗೇ. ಸೊನ್ನೆಯ ಸ್ಥಳದಲ್ಲಿ ಓ ಅಕ್ಷರವನ್ನು ಒತ್ತಿದವನಿಗೆ ಇದು ಬೇಗನೆ ತಿಳಿಯುತ್ತದೆ.

ಮತ್ತೆ ಈ ಕೆಂಪು ನಕ್ಷತ್ರಗಳನ್ನು ಇಡುವವರು ಯಾರು? ಇವು ಆಕಾಶದಿಂದ ಉದುರಿದುವಲ್ಲ. ವಿಮಾನದ ಚೀಟಿ, ಬ್ಯಾಂಕಿನ ಖಾತೆ, ವಸತಿಗೃಹ, ವಿಮೆ ಇವುಗಳ ಅರ್ಜಿಗಳನ್ನು ಕಟ್ಟುವ ಕಸುಬಿನಲ್ಲಿ ಬೆಳ್ಳಂದೂರು, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಸಾವಿರಾರು ತರುಣ ತರುಣಿಯರು ತೊಡಗಿದ್ದಾರೆ. ಒಂದು ಕಲಮನ್ನು ಕಡ್ಡಾಯವೆಂದು ಬರೆಯುವುದೂ ಐಚ್ಛಿಕವೆಂದು ಬರೆಯುವುದೂ ಅವರಿಗೆ ಒಂದು ಮಾತಿನ ಕೆಲಸ. ಪರದೇಶದ ಯಜಮಾನನು ಕೊಟ್ಟ ನಕ್ಷೆಯಲ್ಲಿ ಅಡ್ಡಹೆಸರಿತ್ತು, ಆದುದರಿಂದ ಇಟ್ಟೆವೆಂಬುದು ಅವರ ಉತ್ತರವಾಗಬಹುದು. ಆದರೆ ತನ್ನ ಸ್ವಂತ ಅಜ್ಜಿಯ ಹೆಸರು ಈ ನಕ್ಷೆಯಲ್ಲಿ ಹಿಡಿಯುವುದಿಲ್ಲವೆಂದು ಯಜಮಾನನಿಗೆ ಬರೆದು ತಿಳಿಸಲು ಅಡ್ಡಿಯೇನು? ನಕ್ಷೆಯ ದೋಷವನ್ನು ತೋರಿಸುವುದಕ್ಕೂ ಅವರಿಗೆ ಸಂಬಳ ಬರುತ್ತದೆಯಲ್ಲವೆ? ಅಷ್ಟು ಮಾತನ್ನಾಡದೆ ಸುಮ್ಮನಿದ್ದು, ಸಂಜೆ ಮನೆಗೆ ಬಂದು ಅದೇ ಕಲಮಿನ ಮುಂದೆ ತಲೆಯ ಮೇಲೆ ಕೈಯಿಟ್ಟು ಕೂಡುವುದು ವಿಪರೀತದ ಸಂಗತಿ. ಈ ಗೊಂದಲದಲ್ಲಿ ಲಾಭಪಡೆಯುವ ದಲ್ಲಾಳಿಗಳ ಮಾತು ಬೇರೆ. ಸರ್ಕಾರದ ಅಂಗಡಿಯಂತೆಯೇ ತೋರುವ ಅಂಗಡಿಯನ್ನು ತೆರೆದು, ಶುಲ್ಕದ ಮೇಲೆ ತಮ್ಮ ಹಣವನ್ನೂ ಕಿತ್ತುಕೊಂಡು, ತಪ್ಪು ಹೆಸರನ್ನೇ ಬರೆದು ಕಳುಹಿಸುವವರು ಅವರು.

ತಪ್ಪಿನ ಪಾಲು ಸ್ವದೇಶದ ಸರ್ಕಾರಕ್ಕೂ ಇದೆ. ರಹದಾರಿಯ ಪುಟದಲ್ಲಿಯೇ ಎರಡು ಕಲಮುಗಳನ್ನು ಮುದ್ರಿಸಿ, ಒಂದನ್ನು ಬರಿದಾಗಿ ಬಿಡುವ ಸ್ವಾತಂತ್ರ್ಯವನ್ನು ಪ್ರಜೆಗೆ ಕೊಟ್ಟು, ಆ ಬರಿದನ್ನು ಪರರಾಷ್ಟ್ರಗಳು ಮಾನ್ಯಮಾಡುವಂತೆ ವಾದಿಸದೆ ಕೈಬಿಟ್ಟದ್ದು ಅದೇ. 1967ರ ರಹದಾರಿ ಕಾನೂನಿಗೆ ಐವತ್ತು ವರ್ಷ ತುಂಬಿದ 2017ರಲ್ಲಿ ವಿದೇಶಾಂಗ ಸಚಿವೆಯಾಗಿದ್ದ ಸುಷ್ಮಾ ಸ್ವರಾಜ್ ಅವರು ರಹದಾರಿಯು ಇಂಗ್ಲಿಷಿನ ಜೊತೆಗೆ ಹಿಂದಿಯಲ್ಲಿಯೂ ಇರುವುದೆಂದು ಪ್ರಕಟಿಸಿದರು. ಆ ಪ್ರಕಟನೆಯಲ್ಲಿ ಕನ್ನಡವಿರಲಿಲ್ಲ. ಸ್ವಿಟ್ಸರ್ಲೆಂಡ್ ಎಂಬ ಚಿಕ್ಕ ದೇಶವು ತನ್ನ ನಾಲ್ಕು ನುಡಿಗಳನ್ನೂ ಇಂಗ್ಲಿಷನ್ನೂ ರಹದಾರಿಯಲ್ಲಿ ಮುದ್ರಿಸುತ್ತದೆ. ಕಣ್ಣಿನಿಂದ ಓದುವ ಭಾಗದಲ್ಲಿ ರೋಮನ್ ಅಕ್ಷರಗಳೊಡನೆ ದೇಶದ ಲಿಪಿಯೂ ಇರಬಹುದೆಂದು 9303ನೆಯ ದಸ್ತಾವೇಜು ಅವಕಾಶ ಕೊಟ್ಟಿರುವುದರಿಂದ, ಕರ್ನಾಟಕದ ಪ್ರಜೆಯ ಹೆಸರನ್ನು ಅವನ ಲಿಪಿಯಲ್ಲಿ ಒಮ್ಮೆ ಬರೆಯಲು ಶಾಸ್ತ್ರದ ಅಡ್ಡಿಯಿಲ್ಲ.

ಸಾಹಿತ್ಯ ಸಂಘಗಳು ಭಾಷೆಯ ಉಳಿವಿಗಾಗಿ ವರ್ಷವರ್ಷವೂ ನಿರ್ಣಯಗಳನ್ನು ಅಂಗೀಕರಿಸುತ್ತವೆ. ಈ ಸಾರಿ ಎರಡನ್ನು ಸೇರಿಸಿಕೊಳ್ಳಲಿ. ಒಂದೇ ಹೆಸರಿನ ರಹದಾರಿಯುಳ್ಳವರ ಅರ್ಜಿಯನ್ನು ಹಾಗೆಯೇ ಸ್ವೀಕರಿಸುವಂತೆ ಪ್ರಯಾಣಾನುಮತಿ ಕೊಡುವ ರಾಷ್ಟ್ರಗಳೊಡನೆ ವಿದೇಶಾಂಗ ಇಲಾಖೆಯು ಲಿಖಿತ ಮಾತುಕತೆ ನಡೆಸಬೇಕೆಂಬುದು ಒಂದು. ಮೊದಲ ಸಲ ರಹದಾರಿಗೆ ಬರುವವರ ಹೆಸರನ್ನು ಮನಬಂದಂತೆ ಒಡೆಯದೆ, ಇಡಿಯ ಹೆಸರೆಷ್ಟು, ಊರೆಷ್ಟು, ತಂದೆಯೆಷ್ಟು ಎಂಬುದನ್ನು ಕನ್ನಡದಲ್ಲಿ ಕೇಳಿ ತಿಳಿದು ಬರೆಯುವ ಗುಮಾಸ್ತರು ಬೆಂಗಳೂರಿನ ಸೇವಾ ಕೇಂದ್ರಗಳಿಂದ ಹಿಡಿದು ಜಿಲ್ಲೆಗಳ ಅಂಚೆಕಚೇರಿಗಳ ಕೇಂದ್ರಗಳವರೆಗೆ ಎಲ್ಲೆಡೆಯೂ ಇರಬೇಕೆಂಬುದು ಇನ್ನೊಂದು. ನಿರ್ಣಯದ ಪ್ರತಿಯನ್ನು ದೆಹಲಿಗೆ ಕಳುಹಿಸುವಾಗ ಹೊರವರ್ತುಲ ರಸ್ತೆಯ ಕಂಪನಿಗಳಿಗೂ ಒಂದೊಂದನ್ನು ಕಳುಹಿಸುವುದು ಒಳ್ಳೆಯದು.