ಹೊಟ್ಟೆಯೊಳಗೆ ಸೆಕೆಂಡ್ ಷೋ!

ಎರಡು ವಾರ ಈ ಅಂಕಣ ಖಾಲಿ ಬಿತ್ತು. ಕೇಳಿದವರಿಗೆಲ್ಲ ನಮ್ಮ ಸಂಪಾದಕರು, “ಅವರು ಔಟ್‌ಡೋರ್ ಷೂಟಿಂಗ್ ನೋಡೋಕೆ ಹೋಗಿದಾರೆ” ಎಂದು ಹೇಳಿ ನನ್ನ ಮಾನ ಉಳಿಸಿದರಂತೆ. ಸುಳ್ಳು ಸ್ವಾಮಿ! ನಾನಿದ್ದದ್ದು ಪೂರ್ತಿ ಇನ್‌ಡೋರ್. ತ್ಯಾಗರಾಜನಗರದ ನಮ್ಮ ಮನೆಯ ಹಿತ್ತಲ ಬಾಗಿಲ ಪಕ್ಕದ ನಾಲ್ಕಡಿ ಅಗಲದ ಕೋಣೆಯಲ್ಲಿ. ದಿನಕ್ಕೆ ಆರು ಆಟ!

ಕತೆ ಶುರುವಾದದ್ದು ಕಡಲೆಕಾಯಿ ಪರಿಷೆಯಲ್ಲಿ. ಕಾರ್ತಿಕದ ಕಡೆಯ ಸೋಮವಾರ ದೊಡ್ಡ ಬಸವಣ್ಣನ ಗುಡಿಯ ರಸ್ತೆಯಲ್ಲಿ ಹಸಿ, ಹುರಿದದ್ದು, ಬೇಯಿಸಿದ್ದು ಮೂರೂ ಬಗೆ ತಿಂದೆ. ಅಲ್ಲಿಂದ ನೇರ ಒಂದು ಚಿತ್ರದ ಪ್ರಿವ್ಯೂ. ಅಲ್ಲಿ ಬೋಂಡ, ಕಾಫಿ. ಮನೆಗೆ ಬಂದಾಗ ಹನ್ನೊಂದೂವರೆ. ಸಾರನ್ನ ಉಂಡು ಮಲಗಿದೆ. ಮಲಗಿದ್ದೇ ತಡ, ಎದೆಗೂಡಿನ ಹಿಂದೆ ಬೆಂಕಿ! ಹುಳಿತೇಗು ಗಂಟಲಿಗೆ ಬಂತು. ಅನ್ನನಾಳಕ್ಕೂ ಜಠರಕ್ಕೂ ನಡುವೆ ಒಂದು ಬಿಗಿ ಬಾಗಿಲಿದೆ. ಅದು ಸಡಿಲವಾದರೆ ಕೆಳಗಿನ ಆಮ್ಲ ಬಾಲ್ಕನಿಗೆ ಏರುತ್ತದೆ. ಗಾಂಧಿನಗರದಲ್ಲಿ ಎದೆಯುರಿ ಇಲ್ಲದ ನಿರ್ಮಾಪಕನನ್ನು ನಾನು ಕಂಡಿಲ್ಲ. ಆದರೆ ಅವರಿಗದು ಪಕ್ಕದವನ ಚಿತ್ರ ನೂರು ದಿನ ಓಡಿದಾಗ ಬರುವಂಥದ್ದು. ನನ್ನದು ನಿಜವಾದದ್ದು.

ಬೆಳಿಗ್ಗೆ ಔಷಧಿ ಅಂಗಡಿಗೆ ಹೋದೆ. ಚೀಟಿ ಕೇಳಿದರೆಂದುಕೊಂಡಿರಾ? ಇಲ್ಲ. “ಗ್ಯಾಸಾ ಸಾರ್?” ಎಂದು ಒಂದು ಪಟ್ಟಿ ಕ್ಯಾಪ್ಸೂಲ್ ಕೊಟ್ಟರು. ಪ್ಯಾಂಟೊಪ್ರಜೋಲ್, ಜತೆಗೆ ಡೊಂಪೆರಿಡೋನ್. ನಾಲ್ಕೇ ದಿನದಲ್ಲಿ ಉರಿ ಮಾಯ! ನಾನೂ ಬಿಡಲಿಲ್ಲ. ನಾಲ್ಕು ದಿನ ನಾಲ್ಕು ತಿಂಗಳಾಯಿತು.

ಈ ಮಾತ್ರೆಗಳ ವಂಶವೃಕ್ಷ ಒಂದು ಸಿನಿಮಾದಂತೆಯೇ ಇದೆ. ಮೊದಲ ನಾಯಕ ಸಿಮೆಟಿಡಿನ್, ಇಂಗ್ಲೆಂಡಿನಲ್ಲಿ 1976ರಲ್ಲಿ ಬಿಡುಗಡೆ. ಅದರ ಹಿಂದಿದ್ದ ಜೇಮ್ಸ್ ಬ್ಲ್ಯಾಕ್ ಅವರಿಗೆ 1988ರಲ್ಲಿ ನೊಬೆಲ್ ಬಂತು. 1981ರಲ್ಲಿ ಬಂದ ರಾನಿಟಿಡಿನ್ ಬಹಳ ಕಾಲ ಮೆರೆದು, ಕಡೆಗೆ ಕಲ್ಮಶದ ಆಪಾದನೆ ಹೊತ್ತು, 2022ರಲ್ಲಿ ನಮ್ಮ ದೇಶದ ಅಗತ್ಯ ಔಷಧಿಗಳ ಪಟ್ಟಿಯಿಂದಲೂ ಇಳಿಯಿತು. 1988ರಲ್ಲಿ ಸ್ವೀಡನ್ನಿನಿಂದ ಬಂದ ಒಮೆಪ್ರಜೋಲ್ ಆಮ್ಲ ಸುರಿಸುವ ಪಂಪಿನ ಕತ್ತನ್ನೇ ಹಿಡಿಯಿತು. ನನ್ನ ಪ್ಯಾಂಟೊಪ್ರಜೋಲ್ ಅದರ ತಮ್ಮ.

ವಜ್ರಮುನಿಯವರಂಥ ಖಳನಾಯಕ ಬಿದ್ದ ಮೇಲೆ ಚಿತ್ರ ಮುಗಿಯಬೇಕು ತಾನೇ? ಇಲ್ಲಿ ಇಂಟರ್‌ವಲ್ ಆದ ಮೇಲೆ ಹೊಸ ಕತೆ. ಹೊಟ್ಟೆ ಉಬ್ಬರ, ಗುಡುಗುಡು, ಆಮೇಲೆ ಭೇದಿ. ಕೆಲವರಿಗೆ ಇದೇ ಮಾತ್ರೆಯಿಂದ ಮಲಬದ್ಧತೆಯಂತೆ. ನನ್ನ ಷಡ್ಡಕನಿಗೆ ಹಾಗೇ ಆಗಿದೆ. ಒಂದೇ ಕಂಪನಿಯ ಎರಡು ನಾಟಕ! ಆಮ್ಲ ಬರೀ ಉರಿಸುವುದಕ್ಕಿಲ್ಲ, ಅನ್ನದ ಜತೆ ಒಳಗೆ ಬರುವ ಕ್ರಿಮಿಗಳನ್ನು ಬಾಗಿಲಲ್ಲೇ ಕೊಲ್ಲುವ ಕಾವಲುಗಾರನೂ ಅದೇ. ಕಾವಲುಗಾರನನ್ನು ಮಲಗಿಸಿದರೆ ಟಿಕೆಟ್ಟಿಲ್ಲದವರೂ ನುಗ್ಗುತ್ತಾರೆ.

ನಾನು ಮಾಡಿದ ಜಾಣತನ ಕೇಳಿ. ಉಬ್ಬರಕ್ಕೆಂದು ಕಪಾಟಿನಲ್ಲಿದ್ದ ಗುಲಾಬಿ ಬಣ್ಣದ ಸಿರಪ್ಪನ್ನು ದಿನಕ್ಕೆ ಮೂರು ಸಲ ಕುಡಿದೆ. ಅದರಲ್ಲಿದ್ದದ್ದು ಮೆಗ್ನೀಷಿಯಂ. ಅದು ಹೊಟ್ಟೆ ಸಡಿಲ ಮಾಡುತ್ತದೆ, ಅಲ್ಯೂಮಿನಿಯಂ ಕಟ್ಟುತ್ತದೆ. ನಾನು ಬೆಂಕಿ ಆರಿಸಲು ಸೀಮೆಎಣ್ಣೆ ತಂದಿದ್ದೆ!

ಇಷ್ಟಾದರೆ ನಗುತ್ತಲೇ ಬರೆದು ಮುಗಿಸುತ್ತಿದ್ದೆ.

ತಿಪಟೂರಿನಲ್ಲಿ ನನ್ನ ಗೆಳೆಯನೊಬ್ಬನಿದ್ದ. ಟೂರಿಂಗ್ ಟಾಕೀಸಿನಲ್ಲಿ ಪ್ರೊಜೆಕ್ಟರ್ ಆಪರೇಟರ್. ಹುಡುಗನಾಗಿದ್ದಾಗ ನನ್ನನ್ನು ಬಿಟ್ಟಿ ಒಳಗೆ ಬಿಟ್ಟು, ರೀಲು ಸುತ್ತುವುದನ್ನು ಕಲಿಸಿದವನು. ಆಸ್ಪತ್ರೆಯಿಂದ ಫೋನ್ ಮಾಡಿ, “ಬಾರೋ ಮಾರಾಯ, ನಿನಗೊಂದು ಡಬ್ಬಿ ಕೊಡೋದಿದೆ” ಎಂದ. “ಈ ಗುರುವಾರ ಬರ್ತೀನಿ” ಎಂದೆ. ಗುರುವಾರ ಬೆಳಿಗ್ಗೆ ಮೂರು ಸಲ ಕೋಣೆಗೆ ಓಡಿದೆ. ತುಮಕೂರಿನ ತನಕ ತಡೆದುಕೊಂಡರೂ ಗುಬ್ಬಿ ದಾಟಿದ ಮೇಲೆ? ಬಸ್ಸಿನಲ್ಲಿ ನಲವತ್ತು ಜನರ ಮುಂದೆ ಎದ್ದು ನಿಂತು ಏನೆಂದು ಹೇಳಲಿ? ಫೋನಿನಲ್ಲಿ, “ಪ್ರೆಸ್ಸಿನ ಕೆಲಸ ಕಣೋ, ಮುಂದಿನ ವಾರ” ಎಂದೆ. ಮುಂದಿನ ವಾರವೂ ಪ್ರೆಸ್ಸಿನ ಕೆಲಸ. “ಹೊಟ್ಟೆ ಕೆಟ್ಟಿದೆ ಕಣೋ” ಎಂಬ ಮೂರು ಮಾತು ಬಾಯಿಗೆ ಬರಲಿಲ್ಲ. ಅವನ ಮುಂದೆ ಚಡ್ಡಿ ಹಾಕಿಕೊಂಡು ಬೆಳೆದವನು ನಾನು. ಅವನ ಹತ್ತಿರ ನಾಚಿಕೆ! ಮೂರನೆಯ ಗುರುವಾರ ಅವನ ಮಗ ಫೋನ್ ಮಾಡಿದ. ಅಪ್ಪ ಬೆಳಗಿನ ಜಾವ ಹೋದರು, ಅಂಕಲ್.

ಅವತ್ತೂ ಹೋಗಲಾಗಲಿಲ್ಲ. ಕೋಣೆಯಲ್ಲಿ ಕೂತು ಅತ್ತೆ. ಹೊರಗಿನಿಂದ ನಮ್ಮವಳು, “ಏನ್ರೀ, ಇದೇನು ಅಂತ ಡಾಕ್ಟ್ರಿಗೆ ತೋರಿಸ್ತೀರೋ, ನಾನೇ ಕರಕೊಂಡು ಬರ್ಲೋ?” ಎಂದಳು.

ಡಾಕ್ಟರು ಕೇಳಿದ್ದೇ ಕೇಳಿದ್ದು. ರಕ್ತ ಹೋಗ್ತಿದೆಯೇ? ಜ್ವರ? ತೂಕ ಇಳಿದಿದೆಯೇ? ನುಂಗಲು ಕಷ್ಟವೇ? ಇವು ಯಾವುದಾದರೂ ಇದ್ದರೆ ಮನೆಮದ್ದಿಗೆ ಕೂರಬಾರದಂತೆ. ಈ ಜಾತಿಯ ಮಾತ್ರೆ ನುಂಗುವವರಿಗೆ ಕ್ಲಾಸ್ಟ್ರಿಡಿಯಂ ಡಿಫಿಸಿಲ್ ಎಂಬ ಕ್ರಿಮಿಯಿಂದ ನಿಲ್ಲದ ನೀರುಭೇದಿ ಆಗಬಹುದೆಂದು ಅಮೆರಿಕದ ಔಷಧ ಇಲಾಖೆ 2012ರಲ್ಲೇ ಎಚ್ಚರಿಸಿದೆ. ನನಗೆ ಪರೀಕ್ಷೆ ಮಾಡಿಸಿದರು, ಅದಿರಲಿಲ್ಲ. “ಮಾತ್ರೆ ಯಾವಾಗ ತಗೋತೀರಿ?” “ರಾತ್ರಿ ಊಟ ಆದ ಮೇಲೆ.” ಡಾಕ್ಟರು ತಲೆ ಚಚ್ಚಿಕೊಂಡರು. ಊಟಕ್ಕೆ ಅರ್ಧ ಗಂಟೆ ಮೊದಲು ನುಂಗಬೇಕಾದದ್ದು! ಪಂಪು ಚಾಲೂ ಆಗುವ ಮುಂಚೆ ಔಷಧಿ ರಕ್ತದಲ್ಲಿರಬೇಕು.

ಸಿರಪ್ಪು ಮೊದಲು ನಿಂತಿತು. ಡೊಂಪೆರಿಡೋನ್ ಕೂಡ, ಹೃದಯದ ಬಡಿತ ಕೆಡಿಸುವ ಅಪಾಯಕ್ಕಾಗಿ ಯೂರೋಪಿನಲ್ಲಿ 2014ರಿಂದ ಅದನ್ನು ಸಾಮಾನ್ಯವಾಗಿ ಒಂದು ವಾರಕ್ಕೆ ಮಿತಿಗೊಳಿಸಿದ್ದಾರೆ, ನಾನು ನಾಲ್ಕು ತಿಂಗಳು ನುಂಗಿದ್ದೆ. ಓಆರ್‌ಎಸ್ ನೀರು ಕುಡಿಸಿದರು. ಬಿ12 ಕೂಡ ಪರೀಕ್ಷಿಸಿದರು. ಈ ಮಾತ್ರೆ ವರ್ಷಗಟ್ಟಲೆ ತಗೊಂಡರೆ ಅದು ಕಡಮೆಯಾಗಬಹುದು. ನಮ್ಮ ಬಸವನಗುಡಿ ಸುತ್ತಿನ ಸಸ್ಯಾಹಾರಿ ಮನೆಗಳಲ್ಲಿ ಅದು ಮೊದಲೇ ಅಷ್ಟಕ್ಕಷ್ಟೆ.

ಮುಖ್ಯ ಮಾತು: ಪ್ಯಾಂಟೊಪ್ರಜೋಲನ್ನು ದಿಢೀರನೆ ಬಿಡಲು ಅವರು ಒಪ್ಪಲಿಲ್ಲ. 2009ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಒಂದು ಅಧ್ಯಯನ ಹೇಳಿದರು. ಎದೆಯುರಿಯೇ ಇಲ್ಲದ 120 ಮಂದಿ ಆರೋಗ್ಯವಂತರು. ಅರ್ಧ ಜನಕ್ಕೆ ಎಂಟು ವಾರ ಇದೇ ಜಾತಿಯ ಮಾತ್ರೆ ಕೊಟ್ಟು ನಿಲ್ಲಿಸಿದರು. ಅವರಲ್ಲಿ ನೂರಕ್ಕೆ 44 ಮಂದಿಗೆ ಆಮ್ಲದ ತೊಂದರೆ ಕಾಣಿಸಿತು. ಬರೀ ಸಕ್ಕರೆಗುಳಿಗೆಯಂಥದ್ದು ನುಂಗಿದವರಲ್ಲಿ 15 ಮಂದಿಗೆ. ಕಟ್ಟಿಹಾಕಿದ್ದ ಪಂಪು ಬಿಚ್ಚಿದೊಡನೆ ರೇಗಿ ಸುರಿಯುತ್ತದೆ. ಆಗ ನಾವು “ಅಯ್ಯೋ, ರೋಗ ವಾಸಿಯಾಗಿಲ್ಲ” ಎಂದು ಮತ್ತೆ ಅಂಗಡಿಗೆ ಓಡುತ್ತೇವೆ! ನನಗೆ 40 ಮಿಲಿಗ್ರಾಂ ಇದ್ದದ್ದು 20 ಆಯಿತು, ಆಮೇಲೆ ದಿನ ಬಿಟ್ಟು ದಿನ, ಆಮೇಲೆ ಬಂದ್. ಇದು ನನ್ನ ಚೀಟಿ, ನಿಮ್ಮದಲ್ಲ. ಹುಣ್ಣಿನಿಂದ ರಕ್ತ ಹೋದವರು, ನೋವಿನ ಮಾತ್ರೆಯ ಜತೆ ಹೊಟ್ಟೆ ಕಾಯಲು ಇದನ್ನು ನುಂಗುವವರು ಈ ಪುಟ ಓದಿ ಬಿಟ್ಟುಬಿಟ್ಟೀರಿ, ಹುಷಾರು!

ಎರಡು ವಾರ ಉರಿ ಮರಳಿ ಬಂತು. ಏಳೂವರೆಗೇ ಊಟ, ಮಲಗಲು ಹತ್ತೂವರೆ, ಎಡಮಗ್ಗುಲು. ಮಂಚದ ತಲೆಗಡೆ ಕಾಲುಗಳಿಗೆ ಇಟ್ಟಿಗೆ ಇಟ್ಟೆ. (ಎರಡು ದಿಂಬು ಇಟ್ಟುಕೊಂಡರೆ ಬರೀ ಹೊಟ್ಟೆ ಮಡಚುತ್ತದೆ, ಪ್ರಯೋಜನವಿಲ್ಲ.) ಪ್ರಿವ್ಯೂ ಬೋಂಡಕ್ಕೆ ಕೈಮುಗಿದೆ. ಉರಿ ತಾನೇ ತಗ್ಗಿತು.

ಮೂರನೆಯ ತಿಂಗಳ ಮಾಸಿಕಕ್ಕೆ ತಿಪಟೂರಿಗೆ ಹೊರಟೆ. ಮೆಜೆಸ್ಟಿಕ್ಕಿನಲ್ಲಿ ಬಸ್ಸು ಹತ್ತುವಾಗಲೇ ಧೈರ್ಯ ಮಾಡಿ ಕಂಡಕ್ಟರಿಗೆ, “ಸ್ವಲ್ಪ ಹೊಟ್ಟೆ ಸರಿಯಿಲ್ಲಪ್ಪ” ಎಂದೆ. ಅವನು ಟಿಕೆಟ್ ಕೊಡುತ್ತಲೇ, “ಅದಕ್ಕೇನ್ ಸಾರ್, ಮುಂದಿನ ಸೀಟಲ್ಲಿ ಕೂತ್ಕೊಳ್ಳಿ. ಹೇಳಿದ್ರೆ ನಿಲ್ಲಿಸ್ತೀವಿ. ನಮ್ ಡ್ರೈವರಣ್ಣಂಗೂ ಅದೇ ಕಂಪ್ಲೇಂಟು” ಎಂದ. ಒಂದು ಸಲವೂ ನಿಲ್ಲಿಸಬೇಕಾಗಲಿಲ್ಲ.

ಅತ್ತಿಗೆ ಡಬ್ಬಿ ತಂದುಕೊಟ್ಟರು. ಹಳೆಯ ಬಿಸ್ಕತ್ ಡಬ್ಬಿ. ಒಳಗೆ ತುಂಡು ಫಿಲಮುಗಳು, ಪ್ರತಿಯೊಂದಕ್ಕೂ ಚೀಟಿ ಸುತ್ತಿ ದಾರ ಕಟ್ಟಿದ್ದ. ಒಂದರ ಮೇಲೆ “ಬಂಗಾರದ ಮನುಷ್ಯ” ಎಂದಿತ್ತು. ಕಿಟಕಿಯ ಬೆಳಕಿಗೆ ಹಿಡಿದೆ. ಬಣ್ಣವೆಲ್ಲ ಕೆಂಪಗೆ ತಿರುಗಿತ್ತು, ಮುಖ ಮಾತ್ರ ಗುರುತು ಸಿಗುತ್ತಿತ್ತು. “ಊಟಕ್ಕೆ ಏಳಿ” ಎಂದರು ಅತ್ತಿಗೆ. “ನನಗೆ ಎಣ್ಣೆ ಪದಾರ್ಥ ಬೇಡಿ, ಹೊಟ್ಟೆ ಕೆಟ್ಟಿತ್ತು” ಎಂದೆ. “ಗೊತ್ತಿತ್ತು ಬಿಡಿ,” ಎಂದರು. “ಅವರೇ ಹೇಳ್ತಿದ್ರು, ಪ್ರೆಸ್ಸು ಗಿಸ್ಸು ಏನೂ ಅಲ್ಲ, ಅವನಿಗೇನೋ ಆಗಿದೆ, ಹೇಳ್ತಾ ಇಲ್ಲ ಅಂತ.”