ಮಂಗಳವಾರದ ಕಣಿಗಾರರು

ಜೂಜನ್ನು ಜೂಜೆಂದೇ ಕರೆದು ಆಡುವವನಲ್ಲಿ ಒಂದು ಬಗೆಯ ಪ್ರಾಮಾಣಿಕತೆಯಾದರೂ ಉಂಟು. ಗೆದ್ದರೆ ಅದೃಷ್ಟವೆನ್ನುವನು, ಸೋತರೆ ಹಣೆಬರಹವೆನ್ನುವನು. ತಾನು ಶಾಸ್ತ್ರವ್ಯಾಸಂಗದಲ್ಲಿ ತೊಡಗಿರುವೆನೆಂದು ಮನೆಯವರಿಗೆ ಹೇಳಲಾರನು. ಆದರೆ ಈಚಿನ ವರ್ಷಗಳಲ್ಲಿ ಇನ್ನೊಂದು ಬಗೆಯ ಜೂಜು ವಿದ್ಯಾವಂತರ ನಡುಮನೆಗೇ ಬಂದು ಕುಳಿತಿರುವುದು. ಅದರ ಕೈಯಲ್ಲಿ ಕವಡೆಯಿಲ್ಲ, ಇಸ್ಪೀಟಿನ ಎಲೆಯಿಲ್ಲ; ಅಂಕಿಗಳ ಕೋಷ್ಟಕವಿದೆ. ಇಂಗ್ಲೆಂಡಿನ ಕೆಳದರ್ಜೆಯ ಫುಟ್‌ಬಾಲ್ ಪಂದ್ಯಗಳಲ್ಲಿ, ಅದರಲ್ಲಿಯೂ ವಾರದ ನಡುವೆ ಮಂಗಳವಾರ ರಾತ್ರಿ ನಡೆಯುವ ಪಂದ್ಯಗಳಲ್ಲಿ, ಯಾರು ಗೆಲ್ಲುವರೆಂದು ಮುಂದಾಗಿಯೇ ಹೇಳಿ ಆ ಮಾತಿನ ಮೇಲೆ ಬಾಜಿ ಕಟ್ಟಿಸುವ ಉದ್ಯೋಗವೇ ಅದು. ಅದನ್ನು ನಡೆಸುವವರು ತಮ್ಮನ್ನು ವಿಶ್ಲೇಷಕರೆಂದು ಕರೆದುಕೊಳ್ಳುತ್ತಾರೆ. ಸಂತೆಯಲ್ಲಿ ಇದೇ ಕೆಲಸವನ್ನು ಮಾಡುವವರಿಗೆ ಕಣಿ ಹೇಳುವವರೆಂದು ಹೆಸರು. ಇವರಿಗೆ ಸಲ್ಲತಕ್ಕ ಹೆಸರು ಎರಡನೆಯದೇ. ಸಂತೆಯ ಕಣಿಯವಳು ಮಾತ್ರ ಈ ಹೋಲಿಕೆಯನ್ನು ಕ್ಷಮಿಸಬೇಕು: ಅವಳಿಗೆ ದೊರೆಯುವುದು ಒಂದು ಹಿಡಿ ಅಕ್ಕಿ, ಕೇಳಿದವನು ಹಾಳಾದರೆ ಆ ಹಾಳಿನಲ್ಲಿ ಅವಳಿಗೆ ಪಾಲಿಲ್ಲ.

ಮೊದಲು ವಿಷಯದ ಸ್ವರೂಪವನ್ನು ತಿಳಿಯಬೇಕು. ಇಂಗ್ಲೆಂಡಿನ ಫುಟ್‌ಬಾಲ್ ಲೀಗು ೧೮೮೮ರಲ್ಲಿ ಹನ್ನೆರಡು ಸಂಘಗಳಿಂದ ಹುಟ್ಟಿತು. ೧೯೯೨ರಲ್ಲಿ ಶ್ರೀಮಂತ ಸಂಘಗಳು ಬೇರೆಯಾಗಿ ಪ್ರೀಮಿಯರ್ ಲೀಗನ್ನು ಕಟ್ಟಿಕೊಂಡ ಮೇಲೆ ಹಳೆಯ ಲೀಗಿನಲ್ಲಿ ಉಳಿದಿರುವುದು ಚಾಂಪಿಯನ್‌ಷಿಪ್, ಲೀಗ್ ಒನ್, ಲೀಗ್ ಟೂ ಎಂಬ ಮೂರು ದರ್ಜೆಗಳು. ದರ್ಜೆಗೆ ೨೪ರಂತೆ ೭೨ ಸಂಘಗಳು. ಆಗಸ್ಟಿನಿಂದ ಮೇ ತಿಂಗಳೊಳಗೆ ಪ್ರತಿಯೊಂದು ಸಂಘವೂ ೪೬ ಲೀಗ್ ಪಂದ್ಯಗಳನ್ನು ಆಡಬೇಕು. ಇದಲ್ಲದೆ ಕಪ್ಪುಗಳ ಪಂದ್ಯಗಳು ಬೇರೆ. ಶನಿವಾರಗಳು ಸಾಲದೆ ಮಂಗಳವಾರ ರಾತ್ರಿಗಳನ್ನು ಹಿಡಿಯಬೇಕಾಗುವುದು. ಮಂಜು ಮಳೆಗಳಿಂದ ನಿಂತುಹೋದ ಪಂದ್ಯಗಳೂ ಆ ರಾತ್ರಿಗಳಿಗೇ ಬಂದು ಬೀಳುವುವು. ಮಂಗಳವಾರದ ಆಟವೆಂದರೆ ಮೂರು ದಿನಗಳ ಹಿಂದೆ ಆಡಿದ ದಣಿವು ಇನ್ನೂ ಆರದ ಕಾಲುಗಳ ಆಟ. ಸಣ್ಣ ಸಂಘಗಳಲ್ಲಿ ಆಟಗಾರರ ಸಂಖ್ಯೆ ಕಡಿಮೆ. ಯಾರನ್ನು ಆಡಿಸುವರು, ಯಾರಿಗೆ ವಿಶ್ರಾಂತಿ ಕೊಡುವರು ಎಂಬುದು ಪಂದ್ಯಕ್ಕೆ ಸುಮಾರು ಒಂದು ಗಂಟೆ ಮುಂಚಿನವರೆಗೂ ಹೊರಗಿನವರಿಗೆ ತಿಳಿಯದು. ೨೦೧೯–೨೦ರಲ್ಲಿ ತೆಂಕಣ ತುದಿಯ ಪ್ಲಿಮತ್ ಸಂಘವೂ ಬಡಗಣ ಗಡಿಯ ಕಾರ್ಲೈಲ್ ಸಂಘವೂ ಒಂದೇ ದರ್ಜೆಯಲ್ಲಿದ್ದುವು. ಆ ಎರಡು ಊರುಗಳ ನಡುವಣ ರಸ್ತೆ ೬೦೦ ಕಿಲೋಮೀಟರಿಗೂ ಮಿಗಿಲು. ಬೆಂಗಳೂರಿನಿಂದ ಕಲಬುರಗಿಗೆ ಹೋದಷ್ಟು. ಅಷ್ಟು ದೂರ ಬಸ್ಸಿನಲ್ಲಿ ಕುಳಿತು ಬಂದವರ ಕಾಲುಗಳ ಸ್ಥಿತಿ ಯಾವ ಕೋಷ್ಟಕದಲ್ಲಿಯೂ ಇರುವುದಿಲ್ಲ.

ಕಣಿಗಾರನ ವಾದವು ಇಲ್ಲಿಂದಲೇ ಹೊರಡುತ್ತದೆ. ದೊಡ್ಡ ಸಂಘಗಳ ಆಟವನ್ನು ಲೋಕವೆಲ್ಲ ನೋಡುತ್ತಿರುವುದು. ಅಲ್ಲಿ ಬುಕ್ಕಿಗಳು ಗೊತ್ತುಮಾಡುವ ಧಾರಣೆಯಲ್ಲಿ ತಪ್ಪು ಸಿಕ್ಕದು. ಕೆಳದರ್ಜೆಯ ಮಂಗಳವಾರದ ಆಟವನ್ನಾದರೋ ಕೆಲವು ಸಾವಿರ ಮಂದಿ ಮಾತ್ರ ನೋಡುವರು. ಅಲ್ಲಿ ಬುಕ್ಕಿಯೂ ಅಜಾಗರೂಕನಾಗಿರುವನು. ಶ್ರಮಪಟ್ಟು ಅಂಕಿಗಳನ್ನು ಓದಿದವನಿಗೆ ಆ ಸಂದಿನಲ್ಲಿ ಲಾಭವುಂಟು ಎಂಬುದು ಅವನ ಮಾತು. ಕೇಳುವುದಕ್ಕೆ ಯುಕ್ತಿಯುಕ್ತವಾಗಿಯೇ ಇದೆ. ಸುಳ್ಳಿನ ಪಾಲಿಗಿಂತ ನಿಜದ ಪಾಲು ಹೆಚ್ಚಾಗಿರುವ ಮಾತುಗಳಿಂದಲೇ ಜನ ಮೋಸಹೋಗುವುದು.

ಇದರ ಹಿಂದೆ ನಿಜವಾದ ಶಾಸ್ತ್ರವೊಂದು ಇರುವುದನ್ನು ಯಾರೂ ಅಲ್ಲಗಳೆಯಬೇಕಾಗಿಲ್ಲ. ಅಪರೂಪವಾಗಿ, ಒಂದನ್ನೊಂದು ಅವಲಂಬಿಸದೆ ನಡೆಯುವ ಘಟನೆಗಳನ್ನು ಎಣಿಸುವ ನಿಯಮವನ್ನು ಫ್ರಾನ್ಸಿನ ಗಣಿತಜ್ಞ ಪಾಸೋನನು ೧೮೩೭ರಲ್ಲಿ ಪ್ರಕಟಿಸಿದನು. ೧೮೯೮ರಲ್ಲಿ ಬೋರ್ಟ್‌ಕೀವಿಚ್ ಎಂಬ ಪಂಡಿತನು ಪ್ರಷ್ಯದ ಸೈನ್ಯದಲ್ಲಿ ಕುದುರೆಯ ಒದೆತದಿಂದ ಸತ್ತವರ ಲೆಕ್ಕಕ್ಕೆ ಅದನ್ನು ಹೊಂದಿಸಿ ತೋರಿಸಿದನು. ಕುದುರೆಯ ಒದೆತಕ್ಕೆ ಹೊಂದಿದ ನಿಯಮವು ಮನುಷ್ಯರ ಒದೆತಕ್ಕೂ ಹೊಂದುವುದೆಂಬುದು ಆಶ್ಚರ್ಯವೇನಲ್ಲ. ೧೯೮೨ರಲ್ಲಿ ಮಾಹರ್ ಎಂಬವರು ಗೋಲುಗಳ ಸಂಖ್ಯೆಗೆ ಈ ರೀತಿಯ ಲೆಕ್ಕವನ್ನು ಕಟ್ಟಿದರು. ೧೯೯೭ರಲ್ಲಿ ಡಿಕ್ಸನ್ ಮತ್ತು ಕೋಲ್ಸ್ ಎಂಬ ಇಬ್ಬರು ಅದನ್ನು ತಿದ್ದಿ, ಹಳೆಯ ಪಂದ್ಯಗಳಿಗೆ ಕಡಿಮೆ ತೂಕವನ್ನೂ ಹೊಸವಕ್ಕೆ ಹೆಚ್ಚು ತೂಕವನ್ನೂ ಕೊಟ್ಟು, ಬುಕ್ಕಿಗಳ ಧಾರಣೆಯಲ್ಲಿ ಆಗ ಇದ್ದ ಲೋಪಗಳನ್ನು ತೋರಿಸಿದರು. ಇವು ಗೌರವಕ್ಕೆ ಅರ್ಹವಾದ ಕೆಲಸಗಳು.

ಆದರೆ ಈ ಶಾಸ್ತ್ರ ಹೇಳುವುದೇನು? ಒಂದು ಪಂದ್ಯದಲ್ಲಿ ತವರಿನವರು ಸರಾಸರಿ ೧.೪ ಗೋಲುಗಳನ್ನೂ ಬಂದವರು ೧.೧ ಗೋಲುಗಳನ್ನೂ ಹೊಡೆಯತಕ್ಕವರೆಂದು ಇಟ್ಟುಕೊಂಡರೆ, ಅತ್ಯಂತ ಸಂಭವನೀಯವಾದ ಅಂಕ ಒಂದಕ್ಕೊಂದು ಸಮ. ಅದರ ಸಂಭವವೆಷ್ಟು? ನೂರರಲ್ಲಿ ಹದಿಮೂರಕ್ಕೂ ಕಡಿಮೆ. ತವರಿನವರು ಯಾವ ಅಂಕದಿಂದಲಾದರೂ ಗೆಲ್ಲುವ ಸಂಭವ ನೂರಕ್ಕೆ ಸುಮಾರು ನಾಲ್ವತ್ತಮೂರು, ನಾಲ್ವತ್ತನಾಲ್ಕು. ಎಂದರೆ, ಇರುವ ವಿದ್ಯೆಯನ್ನೆಲ್ಲ ಪ್ರಾಮಾಣಿಕವಾಗಿ ಉಪಯೋಗಿಸಿ ಹೇಳಿದ ಅತ್ಯುತ್ತಮವಾದ ಫಲವೂ ನಿಜವಾಗುವುದಕ್ಕಿಂತ ಸುಳ್ಳಾಗುವುದೇ ಹೆಚ್ಚು. ಶಾಸ್ತ್ರವು ತನ್ನ ಅಜ್ಞಾನದ ಅಳತೆಯನ್ನು ಹೇಳುತ್ತದೆ. ಕಣಿಗಾರನು ಆ ಅಳತೆಯನ್ನು ಒರಸಿಹಾಕಿ ‘ತವರಿನವರ ಗೆಲವು ನಿಶ್ಚಯ’ ಎಂದು ದಪ್ಪಕ್ಷರದಲ್ಲಿ ಬರೆಯುತ್ತಾನೆ. ಪಂಚಾಂಗವನ್ನು ಗಣಿಸುವವನಿಗೂ ಮದುವೆಯ ಫಲ ಹೇಳಿ ದಕ್ಷಿಣೆ ಕೇಳುವವನಿಗೂ ಇರುವ ಅಂತರವೇ ಇಲ್ಲಿಯೂ ಇರುವುದು.

ಇನ್ನು ಧಾರಣೆಯ ಮಾತು. ಇಂತಹ ಪಂದ್ಯವೊಂದಕ್ಕೆ ಬುಕ್ಕಿಯು ತವರಿನವರ ಗೆಲವಿಗೆ ಒಂದಕ್ಕೆ ೨.೩೦, ಸಮಕ್ಕೆ ೩.೩೦, ಬಂದವರ ಗೆಲವಿಗೆ ೩.೧೦ ಕೊಡುವೆನೆನ್ನುತ್ತಾನೆಂದು ಭಾವಿಸಿರಿ. ಇವುಗಳಲ್ಲಿ ಅಡಗಿರುವ ಸಂಭವಗಳನ್ನು ತೆಗೆದರೆ ಕ್ರಮವಾಗಿ ನೂರಕ್ಕೆ ೪೩.೫, ೩೦.೩, ೩೨.೩ ಆಗುವುವು. ಮೂರೂ ಸೇರಿ ನೂರಾಗಬೇಕು. ಆಗಿರುವುದು ನೂರಾ ಆರು. ಆ ಹೆಚ್ಚಿನ ಆರೇ ಬುಕ್ಕಿಯ ಅನ್ನ. ಇಷ್ಟಕ್ಕೆ ಮುಗಿಯದು. ಕಣಿಗಾರರು ಬಹಳವಾಗಿ ಹೊಗಳುವುದು ನಾಲ್ಕು ಪಂದ್ಯಗಳನ್ನು ಒಂದೇ ಸರದಲ್ಲಿ ಪೋಣಿಸಿದ ಬಾಜಿಯನ್ನು. ನಾಲ್ಕೂ ಫಲಿಸಿದರೆ ಮಾತ್ರ ಹಣ. ಮೇಲಿನ ಧಾರಣೆಯ ನಾಲ್ಕು ಗೆಲವುಗಳನ್ನು ಪೋಣಿಸಿದರೆ ಒಂದಕ್ಕೆ ಇಪ್ಪತ್ತೆಂಟು ಸಿಕ್ಕುವುದು. ಇಪ್ಪತ್ತೆಂಟೆಂಬ ಮಾತಿಗೆ ಯುವಕರ ಕಣ್ಣು ಅರಳುತ್ತದೆ. ಆದರೆ ಬುಕ್ಕಿಯ ಹೆಚ್ಚಿನ ಆರನ್ನು ಕಳೆದು ನಿಜವಾದ ಸಂಭವವನ್ನು ನೋಡಿದರೆ ಅದು ಮೂವತ್ತೈದು ಸಲಕ್ಕೊಮ್ಮೆ ಫಲಿಸತಕ್ಕದ್ದು. ಮೂವತ್ತೈದು ಸಲ ಒಂದೊಂದು ಪೌಂಡು ತೆತ್ತು ಇಪ್ಪತ್ತೆಂಟನ್ನು ಹಿಂದಕ್ಕೆ ಪಡೆಯುವುದು ಯಾವ ವ್ಯಾಪಾರ? ಒಂದು ಪಂದ್ಯದಲ್ಲಿ ನೂರಕ್ಕೆ ಆರಾಗಿದ್ದ ನಷ್ಟವು ನಾಲ್ಕರ ಸರದಲ್ಲಿ ಇಪ್ಪತ್ತೊಂದಾಯಿತು. ಎಂಟನೆಯ ತರಗತಿಯ ಹುಡುಗನು ಮಾಡಬಹುದಾದ ಗುಣಾಕಾರವಿದು. ವಿಶ್ಲೇಷಕರ ಕೋಷ್ಟಕಗಳಲ್ಲಿ ಈ ಗುಣಾಕಾರವೊಂದನ್ನು ಬಿಟ್ಟು ಉಳಿದೆಲ್ಲವೂ ಇರುವುವು.

ಏಕೆ ಇರುವುದಿಲ್ಲ? ಇದಕ್ಕೆ ಉತ್ತರವು ಅಂಕಿಗಳಲ್ಲಿಲ್ಲ, ಒಪ್ಪಂದಗಳಲ್ಲಿದೆ. ಉಚಿತವಾಗಿ ಫಲ ಹೇಳುವ ಕಣಿಗಾರರಲ್ಲಿ ಅನೇಕರಿಗೆ ಹಣ ಬರುವುದು ಬುಕ್ಕಿಗಳಿಂದ. ತನ್ನ ಮೂಲಕ ಬಂದ ಗಿರಾಕಿಯು ಸೋತ ಹಣದಲ್ಲಿ ಕಣಿಗಾರನಿಗೆ ಒಂದು ಪಾಲು ಎಂಬುದು ಆ ವ್ಯಾಪಾರದಲ್ಲಿ ಚೆನ್ನಾಗಿ ಬಳಕೆಯಲ್ಲಿರುವ ಕಟ್ಟಳೆ. ವಾಚಕನು ಗೆದ್ದರೆ ಅವನಿಗೆ ಕೀರ್ತಿ, ಸೋತರೆ ವರಮಾನ. ವೈದ್ಯನೊಬ್ಬನಿಗೆ ಸ್ಮಶಾನದವರಿಂದ ಸಂಬಳ ಬರುತ್ತಿದ್ದರೆ ಅವನ ಔಷಧವನ್ನು ಎಷ್ಟು ಮಂದಿ ಕುಡಿಯುವರು?

ಒಂದು ವೇಳೆ ವಾಚಕನು ತನ್ನ ಬುದ್ಧಿಯಿಂದಲೇ ನಿಜವಾಗಿ ಗೆಲ್ಲತೊಡಗಿದನೆನ್ನಿ. ಆಗ ಬುಕ್ಕಿಯು ಅವನ ಖಾತೆಯ ಮೇಲೆ ಮಿತಿ ಹಾಕುವನು; ಇಷ್ಟು ಚಿಲ್ಲರೆಗೆ ಮೀರಿ ಕಟ್ಟಕೂಡದೆನ್ನುವನು, ಇಲ್ಲವೆ ಖಾತೆಯನ್ನೇ ಮುಚ್ಚುವನು. ಇಂಗ್ಲೆಂಡಿನ ಬಾಜಿಗಾರರಿಗೆ ಇದು ತಿಳಿಯದ ಸಂಗತಿಯಲ್ಲ. ಕೆಳದರ್ಜೆಯ ಪಂದ್ಯಗಳಲ್ಲಿಯಂತೂ ಬುಕ್ಕಿಯು ಒಪ್ಪುವ ಮೊತ್ತವೇ ಸಣ್ಣದು. ಯಾವ ಸಂದಿನಲ್ಲಿ ಲಾಭವಿದೆಯೆಂದು ಕಣಿಗಾರನು ತೋರಿಸಿದನೋ ಆ ಸಂದು ಕೈ ಹೊಕ್ಕುವಷ್ಟು ಅಗಲವಾಗಿಲ್ಲ. ಹೊಕ್ಕ ಕೈಯನ್ನು ಹೊರಗೆ ನೂಕುವ ಬಾಗಿಲೂ ಅಲ್ಲಿಯೇ ಇರುವುದು. ಸೋಲುವವನಿಗೆ ಸದಾ ತೆರೆದಿರುವ ಅಂಗಡಿಯಲ್ಲಿ ಜ್ಞಾನಕ್ಕೆ ಬೆಲೆಯಿದೆ ಎನ್ನುವುದು ಹೇಗೆ?

ಗೆದ್ದವರು ಇಲ್ಲವೇ ಇಲ್ಲವೆಂದರೆ ತಪ್ಪಾದೀತು. ಮ್ಯಾಥ್ಯೂ ಬೆನ್‌ಹ್ಯಾಮ್ ಆಕ್ಸ್‌ಫರ್ಡಿನಲ್ಲಿ ಭೌತಶಾಸ್ತ್ರ ಓದಿದವರು. ಬಾಜಿಯ ಲೆಕ್ಕಾಚಾರಕ್ಕಾಗಿ ೨೦೦೪ರಲ್ಲಿ ಸಂಸ್ಥೆಯೊಂದನ್ನು ತೆರೆದು, ಗಳಿಸಿದ ಸಂಪತ್ತಿನಿಂದ ತಮ್ಮ ಬಾಲ್ಯದ ಸಂಘವಾದ ಬ್ರೆಂಟ್‌ಫರ್ಡನ್ನು ಎತ್ತಿಹಿಡಿದರು. ಕೆಳದರ್ಜೆಯಲ್ಲಿದ್ದ ಆ ಸಂಘ ೨೦೨೧ರಲ್ಲಿ ಪ್ರೀಮಿಯರ್ ಲೀಗಿಗೆ ಏರಿತು. ಬ್ರೈಟನ್ ಸಂಘದ ಟೋನಿ ಬ್ಲೂಮ್ ಅವರದೂ ಇಂತಹುದೇ ಕಥೆ. ಇವರು ಗಣಿತಜ್ಞರ ಪಡೆಯನ್ನೇ ಸಂಬಳಕ್ಕೆ ಇಟ್ಟುಕೊಂಡವರು. ತಮ್ಮ ಅಂಕಿಗಳನ್ನು ಮನೆತನದ ಗುಟ್ಟಿನಂತೆ ಕಾಪಾಡುವವರು. ಫಲವನ್ನು ಬಲ್ಲವರು ಬಾಯಿ ಮುಚ್ಚಿಕೊಂಡಿರುವರು. ಬೀದಿಯಲ್ಲಿ ಕೂಗುವವರು ಯಾರೆಂಬುದನ್ನು ಇದರಿಂದಲೇ ಊಹಿಸಬಹುದು.

ಅಂಕಗಣಿತಕ್ಕೂ ಜೂಜಿಗೂ ಇರುವ ನಂಟು ಭಾರತೀಯರಿಗೆ ಹೊಸದಲ್ಲ. ವನಪರ್ವದಿಂದಲೂ ಕನಕದಾಸರ ನಳಚರಿತ್ರೆಯಿಂದಲೂ ಪರಿಚಿತನಾದ ಋತುಪರ್ಣನು, ರಥದಲ್ಲಿ ಹೋಗುತ್ತಿರುವಾಗಲೇ ತಾರೆಯ ಮರವನ್ನು ಕಂಡು ಅದರ ಎಲೆಗಳನ್ನೂ ಕಾಯಿಗಳನ್ನೂ ಇಷ್ಟಿಷ್ಟೆಂದು ಹೇಳಿದನು. ಸಾರಥಿಯ ವೇಷದಲ್ಲಿದ್ದ ನಳನು ಏನು ಮಾಡಿದನು? ಆಹಾ ಎಂದು ತಲೆದೂಗಲಿಲ್ಲ. ರಥವನ್ನು ನಿಲ್ಲಿಸಿ, ಇಳಿದು, ಕಾಯಿಗಳನ್ನು ಎಣಿಸಿದನು. ಲೆಕ್ಕ ಸರಿಹೋದ ಮೇಲೆಯೇ ಅಕ್ಷಹೃದಯವನ್ನು ಕೇಳಿ, ಪ್ರತಿಯಾಗಿ ಅಶ್ವಹೃದಯವನ್ನು ಕೊಡಲೊಪ್ಪಿದನು. ವಿದ್ಯೆಗೆ ವಿದ್ಯೆಯೇ ಬೆಲೆಯಾಯಿತು. ಋತುಪರ್ಣನು ನಳನ ಸೋಲಿನಲ್ಲಿ ಪಾಲು ಕೇಳಿದವನಲ್ಲ. ಸರ್ವಸ್ವವನ್ನೂ ಒಮ್ಮೆ ಸೋತಿದ್ದವನು ರಥದಿಂದಿಳಿದು ಎಣಿಸುವಷ್ಟು ವಿವೇಕವನ್ನು ಕಲಿತಿದ್ದನು. ಮಂಗಳವಾರದ ಬಾಜಿಗಾರನು ಓಡುವ ರಥದಲ್ಲಿಯೇ ಕುಳಿತಿದ್ದಾನೆ.

ಈ ವ್ಯಾಪಾರ ಇಂದು ನಿನ್ನೆಯದಲ್ಲ. ೧೯೨೩ರಲ್ಲಿ ಲಿವರ್‌ಪೂಲಿನ ಜಾನ್ ಮೂರ್ಸ್ ಇಬ್ಬರು ಗೆಳೆಯರೊಡನೆ ‘ಪೂಲ್ಸ್’ ಎಂಬ ಚೀಟಿಯ ಬಾಜಿಯನ್ನು ಆರಂಭಿಸಿ, ಮ್ಯಾಂಚೆಸ್ಟರಿನ ಮೈದಾನದ ಹೊರಗೆ ೪,೦೦೦ ಚೀಟಿಗಳನ್ನು ಹಂಚಿಸಿದನು. ತುಂಬಿಕೊಂಡು ಮರಳಿದವು ೩೫. ಮುಂದೆ ಅದೇ ಚೀಟಿ ಇಂಗ್ಲೆಂಡಿನ ಮನೆಮನೆಯ ವಾರದ ವ್ರತವಾಯಿತು. ೧೯೬೨–೬೩ರ ಚಳಿಗಾಲದಲ್ಲಿ ಮೈದಾನಗಳು ಹೆಪ್ಪುಗಟ್ಟಿ ವಾರಗಟ್ಟಲೆ ಆಟಗಳು ನಿಂತುಹೋದುವು. ಆಟವಿಲ್ಲದೆ ಬಾಜಿ ಹೇಗೆ? ೧೯೬೩ರ ಜನವರಿಯಲ್ಲಿ ಲಾರ್ಡ್ ಬ್ರಾಬಜಾನರ ಅಧ್ಯಕ್ಷತೆಯಲ್ಲಿ ಟಾಮ್ ಫಿನ್ನಿ, ಟಾಮಿ ಲಾಟನ್ ಮೊದಲಾದ ಹಳೆಯ ಆಟಗಾರರೂ ಒಬ್ಬ ತೀರ್ಪುಗಾರನೂ ಲಂಡನ್ನಿನ ಕೊಠಡಿಯೊಂದರಲ್ಲಿ ಬಾಗಿಲು ಹಾಕಿಕೊಂಡು ಕುಳಿತು, ಆಡದ ಪಂದ್ಯಗಳಲ್ಲಿ ಯಾರು ಗೆಲ್ಲುತ್ತಿದ್ದರೆಂದು ತೀರ್ಮಾನಿಸಿದರು. ಆ ತೀರ್ಮಾನದಂತೆ ಹಣವನ್ನು ಹಂಚಲಾಯಿತು. ಭವಿಷ್ಯವೇ ಫಲವಾಗಿಬಿಟ್ಟಿತು! ಚೆಂಡು ಉರುಳದೆ, ಹುಲ್ಲು ತುಳಿಯದೆ, ಗೆಲವು ಸೋಲುಗಳು ಹುಟ್ಟಿದುವು. ಬಾಜಿಗೆ ಆಟವು ಎಷ್ಟು ಅವಶ್ಯಕವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

ಲೀಗಿನ ಅಧಿಕಾರಿಗಳ ನಡೆಯೂ ನೋಡತಕ್ಕದ್ದೇ. ೧೯೩೬ರಲ್ಲಿ ಅವರು ಬಾಜಿಯನ್ನು ಕಳಂಕವೆಂದು ಬಗೆದು, ಚೀಟಿಯವರನ್ನು ಕೆಡಿಸಬೇಕೆಂದು ಪಂದ್ಯಗಳ ಪಟ್ಟಿಯನ್ನೇ ಗುಟ್ಟಾಗಿಟ್ಟರು. ಕೆಲವೇ ವಾರಗಳಲ್ಲಿ ಸೋತು ಕೈಬಿಟ್ಟರು. ೧೯೫೯ರಲ್ಲಿ ಆ ಪಟ್ಟಿಯ ಹಕ್ಕು ತಮ್ಮದೆಂದು ನ್ಯಾಯಾಲಯದಲ್ಲಿ ಗೆದ್ದು, ಅದೇ ಚೀಟಿಯವರಿಂದ ಹಣ ಪಡೆಯತೊಡಗಿದರು. ೨೦೧೩ರಿಂದ ಲೀಗಿನ ಮೂರು ದರ್ಜೆಗಳ ಹೆಸರಿನ ಮುಂದೆಯೂ ‘ಸ್ಕೈ ಬೆಟ್’ ಎಂಬ ಬಾಜಿ ಕಂಪನಿಯ ಹೆಸರೇ ನಿಂತಿತು. ಮರುವರ್ಷವೇ ಆಟಗಾರರು ಲೋಕದ ಯಾವ ಫುಟ್‌ಬಾಲ್ ಪಂದ್ಯದ ಮೇಲೆಯೂ ಬಾಜಿ ಕಟ್ಟಕೂಡದೆಂಬ ಕಟ್ಟಳೆಯೂ ಬಂದಿತು. ಆಡುವವನಿಗೆ ಪಾಪ, ನೋಡುವವನಿಗೆ ಆಹ್ವಾನ! ಈ ಹಣವಿಲ್ಲದಿದ್ದರೆ ಸಣ್ಣ ಊರಿನ ಸಂಘಗಳು ಉಳಿಯವೆಂದು ಸಮಾಧಾನ ಹೇಳುವವರುಂಟು. ೧೮೮೫ರಲ್ಲಿ ಹುಟ್ಟಿದ ಬರಿ ಸಂಘವನ್ನು ಸಾಲದ ಕಾರಣದಿಂದ ಲೀಗಿನಿಂದ ಹೊರಹಾಕಿದ್ದು ೨೦೧೯ರಲ್ಲಿ, ಬಾಜಿ ಕಂಪನಿಯ ಹೆಸರು ಲೀಗಿನ ಹಣೆಯ ಮೇಲೆ ಬಂದು ಆರು ವರ್ಷಗಳಾದ ಮೇಲೆ.

ಆಟವನ್ನೇ ಮಾರಿಕೊಂಡವರ ಕಥೆಯನ್ನು ವಿಸ್ತರಿಸಬೇಕಾಗಿಲ್ಲ. ೧೯೬೨ರ ಡಿಸೆಂಬರ್ ೧ರಂದು ಷೆಫೀಲ್ಡ್ ವೆನ್ಸ್‌ಡೇ ಸಂಘದ ಮೂವರು ಆಟಗಾರರು ತಮ್ಮ ಸಂಘವೇ ಸೋಲುವುದೆಂದು ತಲಾ ೫೦ ಪೌಂಡು ಕಟ್ಟಿದ್ದರು. ೧೯೬೫ರಲ್ಲಿ ಸೆರೆಮನೆಗೆ ಹೋದರು. ಆ ಜಾಲವು ಬಹುಪಾಲು ಹಬ್ಬಿದ್ದುದು ಕಡಿಮೆ ಸಂಬಳದ ಕೆಳದರ್ಜೆಗಳಲ್ಲಿಯೇ.

ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಇಲಾಖೆಯ ೨೦೨೩ರ ಅಂದಾಜಿನಂತೆ, ಆ ಒಂದು ದೇಶದಲ್ಲಿ ಜೂಜಿಗೆ ಸಂಬಂಧಿಸಿದ ಆತ್ಮಹತ್ಯೆಗಳು ವರ್ಷಕ್ಕೆ ೧೧೭ರಿಂದ ೪೯೬. ಕನ್ನಡ ನಾಡಿಗೂ ಈ ವಾದ ದೂರದ್ದಲ್ಲ. ಕರ್ನಾಟಕವು ೨೦೨೧ರಲ್ಲಿ ಆನ್‌ಲೈನ್ ಬಾಜಿಯ ಆಟಗಳನ್ನು ನಿಷೇಧಿಸಿ ತಂದ ಕಾನೂನಿನ ಮುಖ್ಯ ಭಾಗಗಳನ್ನು ೨೦೨೨ರ ಫೆಬ್ರವರಿಯಲ್ಲಿ ಉಚ್ಚ ನ್ಯಾಯಾಲಯ ರದ್ದುಗೊಳಿಸಿತು. ಕೌಶಲದ ಆಟವನ್ನೂ ಅದೃಷ್ಟದ ಆಟವನ್ನೂ ಒಂದೇ ಎಂದು ಎಣಿಸಬಹುದೇ ಎಂಬುದೇ ಅಲ್ಲಿಯ ಚರ್ಚೆ. ೨೦೨೫ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಕಾನೂನು ಆ ಭೇದವನ್ನೇ ಬಿಟ್ಟು, ಹಣವೊಡ್ಡುವ ಆನ್‌ಲೈನ್ ಆಟಗಳೆಲ್ಲವನ್ನೂ ನಿಷಿದ್ಧವೆಂದಿತು. ನ್ಯಾಯಾಲಯದಲ್ಲಿ ವಕೀಲರು ಆಡುವ ‘ಕೌಶಲ’ವೆಂಬ ಮಾತನ್ನೇ ಮನೆಯಲ್ಲಿ ಮಗನು ತಂದೆಗೆ ಹೇಳುತ್ತಿದ್ದಾನೆ: ಇದು ಜೂಜಲ್ಲ ಅಪ್ಪಾಜಿ, ಲೆಕ್ಕ.

ಲೆಕ್ಕವಾದರೆ ಲೆಕ್ಕವನ್ನು ತೋರಿಸಲಿ. ಕಣಿಗಾರನಾದವನು ಒಂದು ಋತುವಿನ ಮಂಗಳವಾರಗಳೆಲ್ಲಕ್ಕೂ ತಾನು ಹೇಳಿದ ಫಲವನ್ನೂ, ಹೇಳಿದ ಹೊತ್ತಿನ ಧಾರಣೆಯನ್ನೂ, ಬಂದ ಫಲವನ್ನೂ ಸಾಲುಸಾಲಾಗಿ ಅಚ್ಚುಹಾಕಿಸಲಿ. ಸೋತ ಸಾಲುಗಳನ್ನು ಅಳಿಸದಿರಲಿ. ಕಡೆಯಲ್ಲಿ, ಆ ವರ್ಷ ಬಾಜಿಯಿಂದ ತನಗೆ ಬಂದ ಹಣವೆಷ್ಟು, ಬುಕ್ಕಿಯಿಂದ ಬಂದ ಹಣವೆಷ್ಟು ಎಂಬ ಎರಡು ಅಂಕಿಗಳನ್ನೂ ಸೇರಿಸಲಿ. ಆ ಎರಡು ಅಂಕಿಗಳಿಲ್ಲದ ಕೋಷ್ಟಕವನ್ನು ಮಗನು ತಂದು ತೋರಿಸಿದಾಗ, ಅವೆಲ್ಲಿ ಎಂದು ತಂದೆಯು ಕೇಳಬಹುದು.