ಅಂಗಳದ ಕೆಂಡ, ಅಮ್ಮಿಯ ಕಾವಲಿ

ಬಕ್ರೀದ್‌ನ ಮರುದಿನ ನಾವೆಲ್ಲ ಆಪಾ ಮನೆಯಲ್ಲಿ ಸೇರಿದ್ದೆವು. ಪಿಯುಸಿ ಓದುವ ಅವರ ಕಿರಿಯ ಮಗ ಪೇಟೆಯಿಂದ ಸರಳುಗಳ ಗ್ರಿಲ್ ಒಲೆಯೊಂದನ್ನು ತಂದಿದ್ದ. "ಖಾಲಾ, ಇವತ್ತು ಅಡುಗೆಮನೆಗೆ ರಜೆ. ಎಲ್ಲರಿಗೂ ಅಂಗಳದಲ್ಲೇ ಊಟ" ಎಂದು ಸಾರಿದ. ಹಬ್ಬದ ದಿನಗಳನ್ನೆಲ್ಲ ಒಲೆಯ ಮುಂದೆ ಕಳೆಯುವ ಹೆಂಗಸರಿಗೆ ಇದಕ್ಕಿಂತ ಸಿಹಿ ಸುದ್ದಿ ಬೇಕೇ? ನಾವು ಸಂತೋಷದಿಂದ ಚಾಪೆ ಹಾಸಿ ಕುಳಿತೆವು.

ಅರ್ಧ ಗಂಟೆ ಕಳೆಯುವಷ್ಟರಲ್ಲಿ ಅಂಗಳದಲ್ಲಿ ಗಲಿಬಿಲಿ ಶುರುವಾಯಿತು. ಮಾಂಸದ ತುಂಡುಗಳು ಸರಳುಗಳ ಸಂದಿಯಿಂದ ಕೆಂಡಕ್ಕೆ ಬೀಳತೊಡಗಿದವು. ಕೊಬ್ಬು ತೊಟ್ಟಿಕ್ಕಿದಲ್ಲೆಲ್ಲ ಬೆಂಕಿ ಭಗ್ಗನೆ ಏಳುತ್ತಿತ್ತು. ತುಂಡುಗಳ ಹೊರಗೆಲ್ಲ ಕರಿ, ಒಳಗೆ ಹಸಿ. ಇದನ್ನು ನೋಡಿ ಆಪಾರ ಸೊಸೆ ಒಳಗಿನಿಂದ ನಾನ್‌ಸ್ಟಿಕ್ ತವಾ ತಂದು ಕೆಂಡದ ಮೇಲಿಟ್ಟಳು. ಸ್ವಲ್ಪ ಹೊತ್ತಿನಲ್ಲೇ ಘಾಟು ವಾಸನೆ ಹಬ್ಬಿತು, ಹಿಡಿಕೆ ಸುಟ್ಟು ಹೊಗೆಯಾಡತೊಡಗಿತು.

ಅಲ್ಲಿಯವರೆಗೂ ಜಗಲಿಯಲ್ಲಿ ತಸ್ಬೀಹ್ ಹಿಡಿದು ಸುಮ್ಮನೆ ಕುಳಿತಿದ್ದ ಅಮ್ಮಿ, "ಅದನ್ನು ಇಳಿಸು ಮಗಳೇ. ಅಟ್ಟದ ಮೇಲೆ ನನ್ನ ಬೀಡಿನ ಕಾವಲಿ ಇದೆ. ಯಾರಾದರೂ ತನ್ನಿ" ಎಂದರು.

ಕಾವಲಿ ಬಂತು. ಮೈತುಂಬ ತುಕ್ಕು. "ಇದನ್ನು ಗುಜರಿಗೆ ಹಾಕಬೇಕು ಅಂತಿದ್ದೆ" ಎಂದರು ಆಪಾ. ಅಮ್ಮಿ ಉತ್ತರಿಸಲಿಲ್ಲ. ಬೂದಿ ಮತ್ತು ತೆಂಗಿನ ನಾರು ತರಿಸಿ, ತುಕ್ಕೆಲ್ಲ ಹೋಗುವವರೆಗೆ ಮೊಮ್ಮಗನ ಕೈಯಿಂದ ತಿಕ್ಕಿಸಿದರು. ತೊಳೆದು, ಕೆಂಡದ ಮೇಲಿಟ್ಟು ನೀರೆಲ್ಲ ಆರಿದ ಮೇಲೆ ಅರ್ಧ ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ಮೈಯೆಲ್ಲ ಉಜ್ಜಿದರು. ಮೊದಲ ನಾಲ್ಕು ತುಂಡು ಸ್ವಲ್ಪ ಅಂಟಿಕೊಂಡವು. ಐದನೆಯದು ತಾನಾಗಿಯೇ ಬಿಟ್ಟುಕೊಂಡಿತು. ಅಂದು ಹದಿನಾಲ್ಕು ಮಂದಿ ಆ ಒಂದೇ ಕಾವಲಿಯಿಂದ ಉಂಡೆವು.

ಪ್ರಿಯ ಸಹೋದರಿಯರೇ, ತವಾ ಎನ್ನಿ, ಕಾವಲಿ ಎನ್ನಿ, ಹಂಚು ಎನ್ನಿ, ಹೆಸರು ಯಾವುದಾದರೂ ಇರಲಿ. ನಮ್ಮ ಎಷ್ಟೋ ಮನೆಗಳ ಅಟ್ಟದಲ್ಲಿ ಬೀಡಿನ ಒಂದು ಪಾತ್ರೆ ತುಕ್ಕು ಹಿಡಿಯುತ್ತಾ ಬಿದ್ದಿದೆ. ಬಯಲಲ್ಲಿ ಕೆಂಡದ ಮೇಲೆ ಅಡುಗೆ ಮಾಡುವ ಆಸೆಯಿದ್ದರೆ ಅದಕ್ಕಿಂತ ಒಳ್ಳೆಯ ಪಾತ್ರೆಯನ್ನು ಹುಡುಕಬೇಕಾಗಿಲ್ಲ. ಆದರೆ ಅದರ ಗುಣ ತಿಳಿದಿರಬೇಕು.

ಕಬ್ಬಿಣವನ್ನು ಕರಗಿಸಿ ಮರಳಿನ ಅಚ್ಚಿಗೆ ಹೊಯ್ದರೆ ಬೀಡಿನ ಪಾತ್ರೆಯಾಗುತ್ತದೆ. ಅದರಲ್ಲಿ ಶೇಕಡಾ 2ರಿಂದ 4ರಷ್ಟು ಇಂಗಾಲ ಇರುತ್ತದೆ. ಆದ್ದರಿಂದ ಅದು ಗಟ್ಟಿ, ಆದರೆ ಪೆಡಸು. ಕಲ್ಲಿನ ಮೇಲೆ ಬಿದ್ದರೆ ಒಡೆಯಬಹುದು. ಚೆನ್ನಾಗಿ ಕಾದಿರುವಾಗ ತಣ್ಣೀರು ಸುರಿದರೆ ಬಿರುಕು ಬಿಡಬಹುದು. ಅಲ್ಯೂಮಿನಿಯಂ ಪಾತ್ರೆಯಷ್ಟು ಬೇಗ ಇದರಲ್ಲಿ ಬಿಸಿ ಹರಡುವುದಿಲ್ಲ. ಅವಸರದಲ್ಲಿ ಇಟ್ಟರೆ ನಡುವೆ ಸುಡುತ್ತದೆ, ಅಂಚು ತಣ್ಣಗಿರುತ್ತದೆ. ಹತ್ತು ನಿಮಿಷ ಮಂದ ಕೆಂಡದ ಮೇಲಿಟ್ಟು ಕಾಯಿಸಬೇಕು. ಒಮ್ಮೆ ಕಾದರೆ ಆ ಭಾರವಾದ ಮೈ ಬಿಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಗಾಳಿ ಬೀಸಿ ಕೆಂಡ ಏರಿಳಿದರೂ, ತಣ್ಣಗಿನ ಮಾಂಸ ಹಾಕಿದರೂ ಅದು ಬೇಗ ಸೋಲುವುದಿಲ್ಲ. ಬಯಲಿನ ಅಡುಗೆಗೆ ಬೇಕಾದ ಗುಣ ಇದೇ. ಮೀನು ಮುರಿದು ಕೆಂಡಕ್ಕೆ ಬೀಳುವ ಭಯವಿಲ್ಲ, ಕೊಬ್ಬು ಬೆಂಕಿಗೆ ತೊಟ್ಟಿಕ್ಕುವುದೂ ಇಲ್ಲ.

ನಾನ್‌ಸ್ಟಿಕ್ ಪಾತ್ರೆಯನ್ನು ಕೆಂಡದ ಮೇಲೆ ಇಡಲೇಬಾರದು. ಅದರ ಲೇಪನ ಸುಮಾರು 260 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕೆಡತೊಡಗುತ್ತದೆ. ನಿಗಿನಿಗಿ ಕೆಂಡದ ಬಿಸಿ ಅದರ ಎರಡು ಪಟ್ಟಿಗೂ ಹೆಚ್ಚು. ಆಗ ಏಳುವ ಹೊಗೆ ಪಂಜರದ ಗಿಳಿಯನ್ನು ಕೊಲ್ಲುವಷ್ಟು ವಿಷ. ಮನುಷ್ಯರಿಗೂ ಅದರಿಂದ ಜ್ವರ, ಕೆಮ್ಮು ಬರುವುದುಂಟು.

ಹಳೆಯ ಕಾವಲಿಯನ್ನು ಪಳಗಿಸುವುದು ಕಷ್ಟವಲ್ಲ. ತುಕ್ಕನ್ನು ಪೂರ್ತಿ ತಿಕ್ಕಿ ತೆಗೆದು, ತೊಳೆದು, ಬೆಂಕಿಯ ಮೇಲೆ ಒಣಗಿಸಿ. ಒಳಗೂ ಹೊರಗೂ ಎಣ್ಣೆ ಸವರಿ, ಆಮೇಲೆ ಒಣ ಬಟ್ಟೆಯಿಂದ ಎಣ್ಣೆಯೇ ಇಲ್ಲವೆಂಬಂತೆ ಒರೆಸಿ. ನಂತರ ಕೆಂಡದ ಮೇಲೆ ಬೋರಲು ಹಾಕಿ ಒಂದು ಗಂಟೆ ಬಿಡಿ. ಹೀಗೆ ಮೂರು ನಾಲ್ಕು ಸಲ ಮಾಡಿದರೆ ಎಣ್ಣೆ ಸುಟ್ಟು ಗಟ್ಟಿಯಾಗಿ ಕಪ್ಪು ಹೊಳಪಿನ ಪದರ ಕೂರುತ್ತದೆ. ಎಣ್ಣೆ ಹೆಚ್ಚಾದರೆ ಮಾತ್ರ ಆ ಪದರ ಜಿಗುಟಾಗುತ್ತದೆ. ಅಡುಗೆ ಮುಗಿದ ಮೇಲೆ ಬಿಸಿನೀರಿನಲ್ಲಿ ತೊಳೆಯಿರಿ. ಚೂರು ಸಾಬೂನು ತಾಗಿದರೆ ತೊಂದರೆಯಿಲ್ಲ, ಆದರೆ ನೀರಿನಲ್ಲಿ ನೆನೆಹಾಕಬೇಡಿ. ಬೆಂಕಿಯ ಮೇಲೆ ಒಣಗಿಸಿ, ಒಂದು ಹನಿ ಎಣ್ಣೆ ಸವರಿ ಇಡಿ.

ಹುಣಸೆ, ಟೊಮೆಟೊ, ನಿಂಬೆ ಹಾಕಿ ಇದರಲ್ಲಿ ಬಹಳ ಹೊತ್ತು ಕುದಿಸಿದರೆ ಪದರ ಕಿತ್ತು ಅಡುಗೆಗೆ ಕಬ್ಬಿಣದ ರುಚಿ ಬರುತ್ತದೆ. ನಿಂಬೆರಸವನ್ನು ಇಳಿಸಿದ ಮೇಲೆ ಹಿಂಡಿದರಾಯಿತು. ಆದರೂ ಅಡುಗೆಯಲ್ಲಿ ಸ್ವಲ್ಪ ಕಬ್ಬಿಣ ಸೇರುವುದು ನಮಗೆ ನಷ್ಟವೇನಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆ ಇದೆ. ಕಾವಲಿ ಔಷಧವಲ್ಲ. ವೈದ್ಯರು ಕೊಟ್ಟ ಕಬ್ಬಿಣದ ಮಾತ್ರೆಯನ್ನು ಬಿಡಬಾರದು.

ಕೆಂಡಕ್ಕೆ ತೆಂಗಿನ ಚಿಪ್ಪು ಅಥವಾ ಒಣ ಕಟ್ಟಿಗೆ ಸಾಕು. ಬಣ್ಣ ಬಳಿದ ಮರ, ಪ್ಲೈವುಡ್ ಚೂರು ಬೇಡ. ಕೆಂಡದ ಮೇಲೆ ಸೀಮೆಎಣ್ಣೆ ಸುರಿಯುವ ಸಾಹಸವಂತೂ ಬೇಡವೇ ಬೇಡ. ಜ್ವಾಲೆ ಇಳಿದು, ಕೆಂಡದ ಮೇಲೆ ಬಿಳಿ ಬೂದಿ ಕಟ್ಟಿದಾಗ ಅಡುಗೆ ಶುರು ಮಾಡಿ. ಕೆಂಡವನ್ನು ಒಂದು ಬದಿಗೆ ಹೆಚ್ಚಾಗಿ, ಇನ್ನೊಂದು ಬದಿಗೆ ಕಡಿಮೆ ಹರಡಿದರೆ ಬಿಸಿ ಹೆಚ್ಚಾದಾಗ ಕಾವಲಿಯನ್ನು ಸರಿಸಲು ಜಾಗವಿರುತ್ತದೆ. ಮಾಂಸವನ್ನು ತೆಳುವಾಗಿ ಹೆಚ್ಚಿ. ಶುಂಠಿ, ಬೆಳ್ಳುಳ್ಳಿ, ಕಾಳುಮೆಣಸು, ಉಪ್ಪಿನ ಜೊತೆ ಸ್ವಲ್ಪ ಹಸಿ ಪಪ್ಪಾಯಿ ಅರೆದು ಹಚ್ಚಿದರೆ ಮೆತ್ತಗಾಗುತ್ತದೆ. ಪಪ್ಪಾಯಿ ಹಚ್ಚಿ ಬಹಳ ಹೊತ್ತು ಬಿಟ್ಟರೆ ಮಾಂಸ ಹಿಟ್ಟಾಗುತ್ತದೆ, ಎಚ್ಚರ. ಹಸಿ ಮಾಂಸವಿದ್ದ ತಟ್ಟೆಗೆ ಬೆಂದದ್ದನ್ನು ಮತ್ತೆ ಹಾಕಬೇಡಿ.

ಕಾವಲಿಯ ಹಿಡಿಕೆಯೂ ಕಬ್ಬಿಣವೇ. ಕೆಂಪಗಾಗಿಲ್ಲವೆಂದು ಬರಿಗೈಯಲ್ಲಿ ಹಿಡಿದರೆ ಚರ್ಮ ಅಲ್ಲೇ ಉಳಿಯುತ್ತದೆ. ದಪ್ಪ ಹತ್ತಿ ಬಟ್ಟೆಯನ್ನು ಒಣಗಿರುವಾಗಲೇ ಬಳಸಿ. ಒದ್ದೆ ಬಟ್ಟೆಯಲ್ಲಿ ಹಿಡಿದರೆ ನೀರು ಆವಿಯಾಗಿ ಕೈ ಸುಡುತ್ತದೆ. ದುಪಟ್ಟಾವನ್ನು ಬಿಗಿಯಾಗಿ ಕಟ್ಟಿಕೊಳ್ಳಿ, ಅದರ ತುದಿಯಿಂದ ಪಾತ್ರೆ ಇಳಿಸುವ ಅಭ್ಯಾಸ ಬಿಡಿ. ಬೆಂಕಿ ಆರಿದ ಎಷ್ಟೋ ಹೊತ್ತಿನವರೆಗೂ ಕಾವಲಿ ಕಾದೇ ಇರುತ್ತದೆ. ಮಕ್ಕಳು ಓಡಾಡುವ ನೆಲದಲ್ಲಿ ಅದನ್ನು ಇಡಬೇಡಿ.

ಇಷ್ಟನ್ನೇ ಹೇಳಿ ಮುಗಿಸಬಹುದಿತ್ತು. ಆದರೆ ಆ ಸಂಜೆ ನಡೆದ ಇನ್ನೊಂದು ಸಂಗತಿಯನ್ನು ಹೇಳದಿದ್ದರೆ ತಪ್ಪಾಗುತ್ತದೆ.

ಊಟ ಮುಗಿಯುವ ಹೊತ್ತಿಗೆ ಮಳೆ ಹನಿಯತೊಡಗಿತು. ಇನ್ನೂ ಒಂದಿಷ್ಟು ಮಾಂಸ ಉಳಿದಿತ್ತು. ಹುಡುಗರು ಒಲೆಯನ್ನು ಎತ್ತಿ ಪಡಸಾಲೆಗೆ ತಂದರು. ಎರಚಲು ಬರುತ್ತದೆಂದು ಕಿಟಕಿ ಮುಚ್ಚಿದೆವು. ಕೆಂಡ ಚೆನ್ನಾಗಿ ಕಾದಿತ್ತು, ಹೊಗೆಯೂ ಇರಲಿಲ್ಲ. ಚಳಿಗೆ ಹಿತವಾಗಿದೆ ಎಂದು ನಾನೇ ಅದರ ಹತ್ತಿರ ಸರಿದು ಕುಳಿತೆ. ಸ್ವಲ್ಪ ಹೊತ್ತಿನಲ್ಲಿ ಸೊಸೆ, "ಖಾಲಾ, ತಲೆ ಸಿಡಿಯುತ್ತಿದೆ" ಎಂದಳು. ಅವಳು ಆಗ ಐದು ತಿಂಗಳ ಬಸುರಿ. ಬಿಸಿಲಲ್ಲಿ ನಿಂತದ್ದಕ್ಕೆ ಇರಬೇಕು ಎಂದುಕೊಂಡೆವು. ಆಮೇಲೆ ನನಗೂ ತಲೆ ಭಾರವಾಯಿತು. ಮಗುವೊಂದು ವಾಂತಿ ಮಾಡಿತು. ಆಗ ಆಪಾರ ಹಿರಿಯ ಮಗನಿಗೆ ಹೊಳೆಯಿತು. ಬಾಗಿಲು ಕಿಟಕಿ ತೆರೆದು ಎಲ್ಲರನ್ನೂ ಮಳೆಯಲ್ಲೇ ಹೊರಗೆ ತಂದ. ಸೊಸೆಯನ್ನು ಆಸ್ಪತ್ರೆಗೆ ಸೇರಿಸಿ ಆಮ್ಲಜನಕ ಕೊಡಿಸಬೇಕಾಯಿತು. ಅಲ್ಲಾಹನ ಕೃಪೆಯಿಂದ ತಾಯಿ ಮಗು ಇಬ್ಬರೂ ಉಳಿದರು.

ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ಹೊರಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅದನ್ನು ಹಿಡಿದುಕೊಳ್ಳುತ್ತದೆ. ಉಸಿರಾಡುತ್ತಲೇ ಇದ್ದರೂ ದೇಹಕ್ಕೆ ಆಮ್ಲಜನಕ ಸಿಗುವುದಿಲ್ಲ. ತಲೆನೋವು, ತಲೆಸುತ್ತು, ವಾಕರಿಕೆ ಮೊದಲ ಲಕ್ಷಣಗಳು. ಗರ್ಭದ ಶಿಶುವಿಗೆ ಅಪಾಯ ಇನ್ನೂ ಹೆಚ್ಚು. ನಿದ್ದೆಯಲ್ಲಿದ್ದವರಿಗೆ ಏನೂ ತಿಳಿಯುವುದೇ ಇಲ್ಲ. ಹೊಗೆಯಿಲ್ಲದ ಕೆಂಡ ಸುರಕ್ಷಿತ ಎಂಬ ನಂಬಿಕೆ ನಮ್ಮನ್ನು ಮೋಸಗೊಳಿಸುತ್ತದೆ.

ಮದೀನಾದಲ್ಲಿ ಒಂದು ರಾತ್ರಿ ಮನೆಯೊಂದು ಮನೆಯವರ ಸಮೇತ ಸುಟ್ಟ ಸುದ್ದಿ ತಲುಪಿದಾಗ, ಬೆಂಕಿ ನಮ್ಮ ಶತ್ರುವೆಂದೂ ಮಲಗುವ ಮುನ್ನ ಅದನ್ನು ಆರಿಸಬೇಕೆಂದೂ ಪ್ರವಾದಿ(ಸ)ರು ಎಚ್ಚರಿಸಿದರು. ಈ ಹದೀಸನ್ನು ನಾನು ಎಷ್ಟೋ ವರ್ಷ ಮಕ್ಕಳಿಗೆ ಕಲಿಸಿದ್ದೇನೆ. ಕೆಂಡದ ಪಕ್ಕ ಹಿತವಾಗಿ ಕುಳಿತಿದ್ದಾಗ ಮಾತ್ರ ನನಗೆ ಅದು ನೆನಪಾಗಲಿಲ್ಲ.

ಆದ್ದರಿಂದ ಅಂಗಳದ ಕೆಂಡ ಅಂಗಳದಲ್ಲೇ ಆರಲಿ. ಮಳೆ ಬಂದರೆ ಕಾವಲಿಯನ್ನು ಮಾತ್ರ ಒಳಗೆ ತಂದು ಗ್ಯಾಸ್ ಒಲೆಯ ಮೇಲಿಡಿ. ಅದರ ಬಿಸಿಯೇ ಅರ್ಧ ಕೆಲಸ ಮಾಡುತ್ತದೆ. ಉಳಿದ ಕೆಂಡಕ್ಕೆ ದೂರದಿಂದ ನೀರು ಹಾಕಿ, ಕೋಲಿನಿಂದ ಕೆದಕಿ, ಮತ್ತೆ ನೀರು ಹಾಕಿ. ಬೂದಿ ಕೈಗೆ ತಣ್ಣಗೆ ತಾಗುವವರೆಗೆ ಒಣ ಎಲೆಗಳ ಹತ್ತಿರ ಚೆಲ್ಲಬೇಡಿ.

ಆ ಕಾವಲಿ ಈಗ ಅಟ್ಟದಲ್ಲಿಲ್ಲ. ಆಪಾ ಮನೆಯಲ್ಲಿ ಬೆಳಗಿನ ದೋಸೆ ಅದರಲ್ಲೇ ಆಗುತ್ತದೆ. ರಾತ್ರಿ ಅದಕ್ಕೆ ಎಣ್ಣೆ ಸವರಿಡುವ ಕೆಲಸ ಕಿರಿಯ ಮಗನದು. ಮರೆತು ಮಲಗಿದರೆ ಅಮ್ಮಿ ಎಬ್ಬಿಸುತ್ತಾರಂತೆ.